ಮರು: ‘ರ್‍ಯಾಡಿಕಲೈಸೇಶನ್’ಗೆ ಕನ್ನಡ ಪದ – ಫ್ಲೆಕ್ಸ್ ಇವತ್ತೇ ಪ್ರಿಂಟಿಗೆ ಹೋಗಬೇಕಂತೆ

ಗೆಳೆಯರೇ,

ಬೆಳಗಿನಿಂದ ನಡೆದ ಚರ್ಚೆ ಪೂರ್ತಿ ಓದಿದೆ. ‘ರ್‍ಯಾಡಿಕಲೈಸೇಶನ್’, ಅಂದರೆ ಒಬ್ಬ ಮನುಷ್ಯ ಉಗ್ರವಾದದ ಕಡೆಗೆ ಹೋಗುವುದು, ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದವರಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಅವರಿಗೆ ಬೇಕಿರುವುದು ಕಲಬುರಗಿಯ ಕಾಲೇಜಿನ ಉಪನ್ಯಾಸಕ್ಕೆ ಒಂದು ಫ್ಲೆಕ್ಸ್ ಸಾಲು, ಜೊತೆಗೆ ಅಲ್ಲಿ ಹಂಚುವ ಲೇಖನದ ಅನುವಾದ. ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯವರು ಸಂಜೆಯೊಳಗೆ ಮ್ಯಾಟರ್ ಕೊಡಿ ಎಂದಿದ್ದಾರೆ. ನಾವು ಇಲ್ಲಿ ಲ್ಯಾಟಿನ್ ಬೇರು ಅಗೆಯುತ್ತಾ ಕೂತಿದ್ದೇವೆ.

ಲೇಖನ ಯಾರ ಬಗ್ಗೆ ಅಂತ ಯಾರೂ ನೋಡಿದ ಹಾಗಿಲ್ಲ. ಬ್ರಿಟನ್ನಿನಲ್ಲಿ ಕೊಲೆ ಸಂಚಿಗೆ ಶಿಕ್ಷೆಯಾದ ಧೀರೇನ್ ಬಾರೋಟ್ ಬಗ್ಗೆ. 1971ರಲ್ಲಿ ವಡೋದರಾದಲ್ಲಿ, ಹಿಂದೂ ಮನೆಯಲ್ಲಿ ಹುಟ್ಟಿದವನು. ಕೂಸಿದ್ದಾಗಲೇ ಮನೆಯವರು ಬ್ರಿಟನ್ನಿಗೆ ಹೋದರು, ಉತ್ತರ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಬೆಳೆದ. ಇಪ್ಪತ್ತರ ಆಸುಪಾಸಿನಲ್ಲಿ ಇಸ್ಲಾಂಗೆ ಸೇರಿದ. 1991ರಿಂದ 1995ರವರೆಗೆ ಒಂದು ವಿಮಾನ ಕಂಪನಿಯ ಟಿಕೆಟ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಆ ಕೆಲಸ ಬಿಟ್ಟು ಪಾಕಿಸ್ತಾನಕ್ಕೆ ಹೋಗಿ ಕಾಶ್ಮೀರದಲ್ಲಿ ಹೋರಾಡುವ ಗುಂಪಿನ ಶಿಬಿರ ಸೇರಿದ. 1999ರಲ್ಲಿ ಈಸಾ ಅಲ್-ಹಿಂದಿ ಎಂಬ ಹೆಸರಿಟ್ಟುಕೊಂಡು ಅದರ ಬಗ್ಗೆ ಪುಸ್ತಕವನ್ನೇ ಬರೆದ. 2000 ಮತ್ತು 2001ರಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕ್ ಷೇರುಪೇಟೆ, ವಾಷಿಂಗ್ಟನ್‌ನ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಕಚೇರಿ, ನ್ಯೂವಾರ್ಕ್‌ನ ಪ್ರುಡೆನ್ಶಿಯಲ್ ವಿಮಾ ಕಂಪನಿಯ ಕಟ್ಟಡ ಇವುಗಳನ್ನೆಲ್ಲ ದಾಳಿಗೆಂದು ಸುತ್ತಿ ನೋಡಿ ವರದಿ ಮಾಡಿಟ್ಟ. 2004ರ ಜುಲೈನಲ್ಲಿ ಪಾಕಿಸ್ತಾನದಲ್ಲಿ ಸಿಕ್ಕ ಲ್ಯಾಪ್‌ಟಾಪ್‌ನಲ್ಲಿ ಇವನ ಯೋಜನೆಗಳಿದ್ದವು. ಆಗಸ್ಟ್ 3ರಂದು ಲಂಡನ್ನಿನಲ್ಲಿ ಹಿಡಿದರು. 2006ರ ಅಕ್ಟೋಬರ್ 12ರಂದು ಕೊಲೆ ಸಂಚಿನ ತಪ್ಪು ಒಪ್ಪಿಕೊಂಡ.

ಈಗ ನೀವೆಲ್ಲ ಸೂಚಿಸಿದ ಪದಗಳಿಗೆ ಬರುತ್ತೇನೆ.

‘ತೀವ್ರಗಾಮೀಕರಣ’ ಬೇಡ. ನಮ್ಮ ಹೈಸ್ಕೂಲ್ ಇತಿಹಾಸದಲ್ಲಿ ತೀವ್ರಗಾಮಿಗಳು ಅಂದರೆ ತಿಲಕ್, ಲಾಲಾ ಲಜಪತರಾಯ್, ಬಿಪಿನ್ ಚಂದ್ರ ಪಾಲ್. ಎದುರಿಗೆ ಮಂದಗಾಮಿಗಳು. 1907ರ ಸೂರತ್ ಅಧಿವೇಶನದಲ್ಲಿ ಎರಡೂ ಬಣ ಬೇರೆಯಾದದ್ದನ್ನು ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಆ ಪದವನ್ನೇ ಎತ್ತಿ, ಲಂಡನ್ನಿನಲ್ಲಿ ಕೂತು ಕಟ್ಟಡದ ನೆಲಮಾಳಿಗೆಯಲ್ಲಿ ಗ್ಯಾಸ್ ಸಿಲಿಂಡರ್ ತುಂಬಿದ ಕಾರು ನಿಲ್ಲಿಸುವ ಯೋಜನೆ ಬರೆದವನಿಗೆ ಹಾಕುವುದು ಹೇಗೆ? ಆ ಕಾಲೇಜಿನಲ್ಲಿ ಇತಿಹಾಸ ಓದುವ ಮಕ್ಕಳೂ ಫ್ಲೆಕ್ಸ್ ನೋಡುತ್ತಾರೆ.

‘ಮೂಲಭೂತವಾದಿಯಾಗುವಿಕೆ’ಯೂ ಬೇಡ. ಧರ್ಮಗ್ರಂಥವನ್ನು ಅಕ್ಷರಶಃ ಪಾಲಿಸುವವನು ಬಾಂಬಿನ ಲೆಕ್ಕ ಹಾಕುತ್ತಾನೆ ಅಂತೇನಿಲ್ಲ. ಎರಡನ್ನೂ ಒಂದೇ ಪದದಲ್ಲಿ ತುರುಕಿದರೆ ಅನುವಾದ ಸುಳ್ಳು ಹೇಳಿದ ಹಾಗೆ.

ಯಾದಗಿರಿಯ ಗೆಳೆಯರು ರ್‍ಯಾಡಿಕಲ್ ಅಂದರೆ ಮೂಲದಲ್ಲಿ ಬೇರು, ಅದಕ್ಕೆ ‘ಬೇರ್ಗೊಳಿಕೆ’ ಅನ್ನೋಣ ಎಂದಿದ್ದಾರೆ. ವ್ಯುತ್ಪತ್ತಿ ಸರಿ. ಪದ ಯಾರಿಗೂ ಅರ್ಥವಾಗುವುದಿಲ್ಲ. ಬಾರೋಟ್ ಅಂದರೆ ಗುಜರಾತಿನಲ್ಲಿ ವಂಶಾವಳಿ ಹೇಳುವವರು, ನಮ್ಮ ಹೆಳವರಂತೆ ಅಂತ ಅವರೇ ಬರೆದದ್ದು ಚೆನ್ನಾಗಿತ್ತು. ಅದಕ್ಕೆ ಬೇರೆ ಎಳೆ ತೆರೆಯಿರಿ, ನಾನೂ ಬರುತ್ತೇನೆ.

‘ಆತಂಕವಾದಿ’ ಹಿಂದಿ ಚಾನೆಲ್‌ನಿಂದ ಬಂದದ್ದು. ಕನ್ನಡದಲ್ಲಿ ಆತಂಕ ಅಂದರೆ ಕಳವಳ. ಮುಂದೆ ಹೋಗೋಣ.

ನನಗೆ ನಿಜವಾಗಿ ಚಿಂತೆ ಹತ್ತಿಸಿದ್ದು ಅನುವಾದದ ಕರಡಿನಲ್ಲಿರುವ ಒಂದು ಸಾಲು: ‘ಮತಾಂತರಗೊಂಡು ಉಗ್ರನಾದ’. ಇದನ್ನು ಯಾರೂ ತಡೆಯಲಿಲ್ಲ. ಕನ್ನಡದಲ್ಲಿ ಹೀಗೆ ‘-ಉ’ ಹಾಕಿ ಎರಡು ಕ್ರಿಯೆ ಜೋಡಿಸಿದರೆ ಎಷ್ಟೋ ಸಲ ಅದು ಬರೀ ಒಂದಾದ ಮೇಲೆ ಇನ್ನೊಂದು ಅಂತ ಉಳಿಯುವುದಿಲ್ಲ. ‘ಮಳೆಯಲ್ಲಿ ನೆನೆದು ಜ್ವರ ಬಂತು’ ಅಂದರೆ ನೆನೆದದ್ದೇ ಜ್ವರಕ್ಕೆ ಕಾರಣ ಅಂತ ಮಗುವಿಗೂ ಗೊತ್ತಾಗುತ್ತದೆ, ಅಲ್ವಾ? ಹಾಗೇ ಈ ಸಾಲು ಮತ ಬದಲಿಸಿದ್ದೇ ಉಗ್ರನಾಗಲು ಕಾರಣ ಅಂತ ಹೇಳಿಬಿಡುತ್ತದೆ. ಮೂಲದಲ್ಲಿ ಎರಡೂ ಬೇರೆ ಬೇರೆ ವಾಕ್ಯ, ನಡುವೆ ವರ್ಷಗಳ ಅಂತರ. ಆ ವರ್ಷಗಳಲ್ಲಿ ಅವನು ಟಿಕೆಟ್ ಬರೆದುಕೊಂಡು ಇದ್ದ. ಮತ ಬದಲಿಸಿ ಸುಮ್ನೆ ಸಂಸಾರ ಮಾಡಿಕೊಂಡಿರುವ ಜನ ಎಷ್ಟೋ ಇದ್ದಾರೆ. ದಯವಿಟ್ಟು ವಾಕ್ಯ ಒಡೆಯಿರಿ. ಇಪ್ಪತ್ತರ ಆಸುಪಾಸಿನಲ್ಲಿ ಇಸ್ಲಾಂಗೆ ಸೇರಿದ. ಪೂರ್ಣವಿರಾಮ. 1995ರಲ್ಲಿ ಕೆಲಸ ಬಿಟ್ಟು ಶಿಬಿರ ಸೇರಿದ. ಬಂದೇ ನವಾಜ್ ದರ್ಗಾದ ಉರುಸಿಗೂ ಶರಣಬಸವೇಶ್ವರರ ತೇರಿಗೂ ಎಲ್ಲರೂ ಹೋಗುವ ಊರಲ್ಲಿ ಈ ಹಾಳೆ ಕೈಯಿಂದ ಕೈಗೆ ಹೋಗುತ್ತದೆ. ಒಂದು ‘-ಉ’ಕಾರ ಅಲ್ಲಿ ಮಾಡುವ ಕೆಲಸ ಸಣ್ಣದಲ್ಲ.

ಇನ್ನು ಯಾವ ಪದ? ನನ್ನ ಮಾತು ಇಷ್ಟೇ: ನಾಮಪದ ಹುಡುಕುವುದನ್ನು ಬಿಡಿ, ಕ್ರಿಯಾಪದ ಹಾಕಿ. ‘-ಕರಣ’ ಬಂದ ಕೂಡಲೇ ಮಾಡಿದವರು ಯಾರು ಅನ್ನುವುದು ಮಾಯವಾಗುತ್ತದೆ. ನಗರೀಕರಣ, ಕೈಗಾರಿಕೀಕರಣ, ಎಲ್ಲವೂ ತಾನಾಗಿ ಆದ ಹಾಗೆ ಕೇಳುತ್ತವೆ. ಬಾರೋಟ್‌ಗೆ ಅದು ತಾನಾಗಿ ಆಗಲಿಲ್ಲ.

ಇದಕ್ಕೆ ನಮ್ಮ ಕಡೆ ಜನ ಏನಂತಾರೆ ಅಂತ ಕೇಳಿಸಿಕೊಳ್ಳಿ. ‘ಯಾರೋ ಅವನ ತಲಿ ಕೆಡಿಸ್ಯಾರ’ ಅಂತಾರೆ. ಒಳ್ಳೆ ಮಾತು, ಆದರೆ ಇಲ್ಲಿ ‘-ಇಸು’ ಪ್ರತ್ಯಯ ಇಡೀ ಹೊಣೆಯನ್ನು ಬೇರೆಯವರ ಮೇಲೆ ಹಾಕುತ್ತದೆ. ಹದಿನೈದರ ಹುಡುಗನನ್ನು ಯಾರೋ ಎಳೆದುಕೊಂಡು ಹೋಗಿದ್ದರೆ ಇದೇ ಸರಿಯಾದ ಪದ ಆಗುತ್ತಿತ್ತು. ಇವನು ಸ್ವಂತ ಹೆಸರು ಮರೆಮಾಡಿ ಪುಸ್ತಕ ಬರೆದವನು, ಸ್ವತಃ ಊರೂರು ಸುತ್ತಿ ಕಟ್ಟಡ ನೋಡಿ ಬಂದವನು. ಹಾಗಂತ ‘ಕೊಳ್ಳು’ ಸೇರಿಸಿ ‘ತಲೆ ಕೆಡಿಸಿಕೊಂಡ’ ಅಂದರೆ ಅರ್ಥವೇ ಬೇರೆ, ಸುಮ್ಮನೆ ಚಿಂತೆ ಮಾಡಿದ ಅಂತ ಆಗುತ್ತದೆ. ‘ಬ್ರೈನ್‌ವಾಶ್ ಆದ’ ಅನ್ನುವುದರಲ್ಲಿ ‘-ಇಸು’ ಇಲ್ಲ, ಆದರೂ ಹೊಣೆ ಬೇರೆಯವರ ಮೇಲೇ ಹೋಗುತ್ತದೆ.

‘ಹಾದಿ ಹಿಡಿ’ ಅನ್ನುವುದರಲ್ಲಿ ಈ ತೊಡಕಿಲ್ಲ. ಹಿಡಿದವನು ಅವನೇ. ಒಂದೇ ದಿನಕ್ಕೆ ಆದದ್ದಲ್ಲ, ನಡೆಯುತ್ತಾ ಹೋದ ಅನ್ನುವುದೂ ಒಳಗೇ ಇದೆ. ಹಾದಿ ತೋರಿಸಿದವರು ಇದ್ದರೆ ಮುಂದಿನ ವಾಕ್ಯದಲ್ಲಿ ಅವರನ್ನೂ ಹೇಳಬಹುದು. ಫ್ಲೆಕ್ಸಿಗೆ ‘ಉಗ್ರವಾದದ ಹಾದಿ ಹಿಡಿದದ್ದು ಹೇಗೆ?’ ಸಾಕು. ಲೇಖನದ ಒಳಗೆ ಒಂದು ಕಡೆ ‘ರ್‍ಯಾಡಿಕಲೈಸೇಶನ್’ ಅಂತಲೇ ಬರೆದು ಮುಂದೆಲ್ಲ ‘ಹಾದಿ ಹಿಡಿದ’ ಬಳಸಿ.

ಬೀದರಿನ ಮಾಸ್ತರರು ಇದಕ್ಕೆ ರೇಗುತ್ತಾರೆ ಅಂತ ಗೊತ್ತು. ಇಂಗ್ಲಿಷೂ ಬೇಡ, ಉರ್ದುವೂ ಬೇಡ, ‘ಶಿಕ್ಷೆಗೊಳಗಾದ ಸಂಚುಕೋರ’ ಅನ್ನುವಂಥ ಅಚ್ಚಗನ್ನಡ ಇರಬೇಕು ಅಂತ ಬರೆದಿದ್ದೀರಿ. ಮಾಸ್ತರರೇ, ‘ಶಿಕ್ಷೆ’ ಸಂಸ್ಕೃತ. ‘-ಕೋರ’ ಪಾರಸಿ, ಲಂಚಕೋರನಲ್ಲಿ ಇರುವುದೂ ಅದೇ. ಪಿತೂರಿ, ಮಸಲತ್ತು, ಹುನ್ನಾರ ಎಲ್ಲ ಆ ಕಡೆಯಿಂದಲೇ ಬಂದವು. ಮೂಲದಲ್ಲಿ ಮಸಲತ್ತು ಅಂದರೆ ಹಿತವಾದ ಸಲಹೆ, ಹುನ್ನಾರ ಅಂದರೆ ಕುಶಲತೆ. ನಮ್ಮ ಬಾಯಲ್ಲಿ ಅವು ಸಂಚಾದವು, ಅಂದರೆ ನಾವು ಅವನ್ನು ನಮ್ಮವನ್ನಾಗಿ ಮಾಡಿಕೊಂಡೆವು. ಕೋರ್ಟಿಗೆ ಹೋಗಿ ನೋಡಿ. ವಕೀಲ, ಫಿರ್ಯಾದಿ, ಜಾಮೀನು, ಸಾಬೀತು, ಸಜಾ. ನಿಜಾಮರ ಕಾಲದಿಂದ ಮೂರು ನಾಲ್ಕು ಭಾಷೆ ಒಂದೇ ಓಣಿಯಲ್ಲಿ ಮಾತಾಡಿಕೊಂಡು ಬಂದ ನಾಡು ಇದು. ಇಲ್ಲಿ ಕೂತು ಪದಗಳ ಜಾತಿ ಕೇಳಿದರೆ ನಮ್ಮ ಪಹಣಿಯನ್ನೇ ಓದಲಿಕ್ಕೆ ಆಗುವುದಿಲ್ಲ. ನಿಮ್ಮ ‘ಸಂಚುಕೋರ’ ನನಗೆ ಪೂರ್ತಿ ಒಪ್ಪಿಗೆ. ಅಚ್ಚಗನ್ನಡ ಅನ್ನುವ ಕಾರಣಕ್ಕಲ್ಲ, ಓದಿದ ಕೂಡಲೇ ತಿಳಿಯುತ್ತದೆ ಅನ್ನುವ ಕಾರಣಕ್ಕೆ.

ಕನ್ನಡದ್ದೇ ಬೇಕು ಅಂತ ಹಟ ಇದ್ದರೆ ‘ಕಡು’ ಇದೆ. ಸ್ವರ ಮುಂದೆ ಬಂದರೆ ಅದು ‘ಕಟ್ಟ್’ ಆಗುತ್ತದೆ, ಕಟ್ಟಾಳು ಅನ್ನುವಲ್ಲಿ ಇರುವುದು ಅದೇ. ಆದರೆ ‘ಕಡುಗೊಂಡ’ ಅಂತ ಫ್ಲೆಕ್ಸಿನಲ್ಲಿ ಹಾಕಿದರೆ ಅಂಗಡಿಯವನು ಫೋನ್ ಮಾಡಿ ಸ್ಪೆಲಿಂಗ್ ಸರಿ ಇದೆಯಾ ಅಂತ ಕೇಳುತ್ತಾನೆ. ಇವತ್ತಿಗೆ ಬೇಡ.

‘ಸಂಚುಕೋರ’ ಸರಿ ಅನ್ನಲಿಕ್ಕೆ ಇನ್ನೊಂದು ಕಾರಣ ಇದೆ. ಕರಡಿನ ತಲೆಬರಹದಲ್ಲಿ ‘ಬಾಂಬ್ ದಾಳಿಯ ಉಗ್ರ’ ಅಂತಿದೆ. ಅವನು ಯಾವ ಬಾಂಬನ್ನೂ ಸಿಡಿಸಲಿಲ್ಲ. ಹಿಡಿದಾಗ ಅವನ ಹತ್ತಿರ ಹಣ, ವಾಹನ, ಸ್ಫೋಟಕ ಯಾವುದೂ ಇರಲಿಲ್ಲ ಅನ್ನುವುದು ಕೋರ್ಟಿನಲ್ಲೇ ಬಂದ ಮಾತು. ಶಿಕ್ಷೆ ಆದದ್ದು ಸಂಚಿಗೆ. ‘ಅಪರಾಧ ಸಾಬೀತಾದ’ ಅನ್ನುವುದನ್ನೂ ತೆಗೆಯಿರಿ, ವಿಚಾರಣೆ ನಡೆಯುವ ಮೊದಲೇ ಅವನು ತಪ್ಪು ಒಪ್ಪಿಕೊಂಡ. ‘ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದ’ ಅಂತ ಮಾಡಿ. ಇಲ್ಲಿ ಆ ‘-ಉ’ ಇರಲಿ, ಕಾರಣ ನಿಜವಾಗಿ ಅದೇ.

ಕೊನೆಗೆ ಶಿಕ್ಷೆಯ ಸಾಲು. ‘40 ವರ್ಷ ಜೈಲು’ ಅಂತ ಬರೆದಿದ್ದೀರಿ. 2006ರ ನವೆಂಬರ್ 7ರಂದು ಕೊಟ್ಟದ್ದು ಜೀವಾವಧಿ ಶಿಕ್ಷೆ. 40 ಅನ್ನುವುದು ಬಿಡುಗಡೆಯ ಮಾತೆತ್ತುವ ಮೊದಲು ಕಳೆಯಲೇಬೇಕಾದ ವರ್ಷ. 2007ರ ಮೇ ತಿಂಗಳಲ್ಲಿ ಮೇಲ್ಮನವಿ ಕೋರ್ಟ್ ಅದನ್ನು 30ಕ್ಕೆ ಇಳಿಸಿತು, ಜೀವಾವಧಿ ಹಾಗೇ ಉಳಿಯಿತು. ಹಾಗಾಗಿ ‘ಜೀವಾವಧಿ ಶಿಕ್ಷೆ, ಅದರಲ್ಲಿ ಕನಿಷ್ಠ 30 ವರ್ಷ ಜೈಲಿನಲ್ಲೇ ಕಳೆಯಬೇಕು’ ಅಂತ ತಿದ್ದಿ, ಫ್ಲೆಕ್ಸಿಗೆ ಕಳಿಸುವ ಮುಂಚೆ ಒಂದು ಸಲ ಇಲ್ಲಿಗೆ ಹಾಕಿ. ನಾನು ಆರು ಗಂಟೆಯವರೆಗೆ ನೋಡುತ್ತಿರುತ್ತೇನೆ.