ಸೊಂಟದ ಕೀಲು ಬದಲಿಸಿದ ಮೇಲೆ ಮನೆಯಲ್ಲಿ ವ್ಯಾಯಾಮ: ಅನುಭವ ಇರುವವರು ಹೇಳಿ

ಪಾಂಡವಪುರ ತಾಲ್ಲೂಕಿನಿಂದ ಒಬ್ಬ ಮಗನ ಪ್ರಶ್ನೆ

ನಮ್ಮ ಅಮ್ಮನಿಗೆ 66 ವರ್ಷ. ಬಲಗಾಲಿನ ಸೊಂಟದ ಕೀಲು ಸವೆದು ನಡೆಯಲಾರದಂತಾಗಿದ್ದರು. ಮೈಸೂರಿನಲ್ಲಿ ಕೀಲು ಪೂರ್ತಿ ಬದಲಿಸುವ ಆಪರೇಷನ್ ಆಗಿ ಈಗ ಮನೆಗೆ ಬಂದಿದ್ದಾರೆ. ಹಿಂಬದಿಯಿಂದ ಕೊಯ್ದು ಮಾಡಿದ ಆಪರೇಷನ್, ಕಾಲಿನ ಮೇಲೆ ಭಾರ ಹಾಕಬಹುದು ಎಂದು ಡಾಕ್ಟರು ಹೇಳಿದ್ದಾರೆ. ಫಿಸಿಯೊಥೆರಪಿಸ್ಟ್ ವಾರಕ್ಕೊಮ್ಮೆ ಬರುತ್ತಾರೆ, ಉಳಿದ ದಿನಗಳಲ್ಲಿ ನಾನು, ನನ್ನ ಹೆಂಡತಿ ಮಾಡಿಸಬೇಕು. ನೋಡಲು ಬಂದ ನೆಂಟರಲ್ಲಿ ಅರ್ಧ ಜನ ಮೂರು ತಿಂಗಳು ಮಂಚದಿಂದ ಇಳಿಸಲೇಬೇಡಿ ಎನ್ನುತ್ತಾರೆ. ಇನ್ನರ್ಧ ಜನ ಎಣ್ಣೆ ಹಚ್ಚಿ ನೀವಿ ಎನ್ನುತ್ತಾರೆ. ಅಮ್ಮನಿಗೆ ಕಾಲು ಕದಲಿಸಲೂ ಭಯ. ನಮ್ಮದು ಹಳೆಯ ಮನೆ, ಹೊಸ್ತಿಲುಗಳು ಎತ್ತರ. ಕಕ್ಕಸು ಹಿತ್ತಲಿನಲ್ಲಿದೆ, ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವಂಥದ್ದು. ಈ ದಾರಿ ನಡೆದವರು ದಯವಿಟ್ಟು ತಿಳಿಸಿ.

ಸರಸ್ವತಿಪುರಂನಿಂದ ನಿವೃತ್ತ ಶಿಕ್ಷಕಿ

ತಮ್ಮಾ, ನನ್ನ ಎಡಗಾಲಿಗೆ ಇದೇ ಆಪರೇಷನ್ ಆಗಿದೆ. ವ್ಯಾಯಾಮದ ಹಾಳೆ ಕೈಗೆತ್ತಿಕೊಳ್ಳುವ ಮುಂಚೆ ಮನೆಯನ್ನು ಸಜ್ಜು ಮಾಡಿ. ಬೆಳಗ್ಗೆ ಅಚ್ಚುಕಟ್ಟಾಗಿ ವ್ಯಾಯಾಮ ಮಾಡಿಸಿ, ಆಮೇಲೆ ತಗ್ಗು ಮಣೆಯ ಮೇಲೆ ಕೂರಿಸಿ ತಲೆಗೆ ನೀರು ಹಾಕಿದರೆ ಕೀಲು ಜಾರುವುದಕ್ಕೆ ಅಷ್ಟೇ ಸಾಕು.

ಹಿಂಬದಿಯಿಂದ ಮಾಡಿದ ಆಪರೇಷನ್ನಿಗೆ ಮುಖ್ಯವಾಗಿ ಮೂರು ಕಟ್ಟುಪಾಡುಗಳಿವೆ. ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಿಯಬಾರದು, ಅಂದರೆ ಕುಳಿತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು, ಕುಳಿತಲ್ಲಿಂದಲೇ ಬಗ್ಗಿ ನೆಲದ ಮೇಲಿನದನ್ನು ಎತ್ತಬಾರದು. ಕಾಲಿನ ಮೇಲೆ ಕಾಲು ಹಾಕಬಾರದು. ಆ ಕಾಲಿನ ಪಾದ ಒಳಕ್ಕೆ ತಿರುಗಬಾರದು. ನಮ್ಮ ಹೆಂಗಸರ ದಿನಚರಿಯೆಲ್ಲ ಈ ಮೂರಕ್ಕೂ ವಿರುದ್ಧ: ರಂಗೋಲಿ, ಈಳಿಗೆಮಣೆ, ದೇವರ ಮುಂದೆ ನೆಲದ ಮೇಲೆ ಕೂರುವುದು. ಆದ್ದರಿಂದ "ಬಗ್ಗಬೇಡಮ್ಮಾ" ಎಂದು ಗಳಿಗೆಗೊಮ್ಮೆ ಹೇಳಿ ಪ್ರಯೋಜನವಿಲ್ಲ. ಬಗ್ಗುವ ಸಂದರ್ಭವೇ ಬರದಂತೆ ಮಾಡಿ. ಅವರಿಗೆ ಬೇಕಾದ ಲೋಟ, ಮಾತ್ರೆ, ಕನ್ನಡಕ, ಬತ್ತಿ ಹೊಸೆಯುವ ಹತ್ತಿ ಎಲ್ಲವೂ ಸೊಂಟದೆತ್ತರದ ಮೇಜಿನ ಮೇಲಿರಲಿ.

ಹಿತ್ತಲಿನ ಕಕ್ಕಸನ್ನು ಸದ್ಯಕ್ಕೆ ಮರೆತುಬಿಡಿ. ಸರ್ಜಿಕಲ್ ಅಂಗಡಿಗಳಲ್ಲಿ ಎತ್ತರ ಹೊಂದಿಸಬಹುದಾದ ಕಮೋಡ್ ಕುರ್ಚಿ ಸಿಗುತ್ತದೆ. ಅದನ್ನು ತಂದು ಅವರು ಮಲಗುವ ಕೋಣೆಯಲ್ಲೇ ಇಡಿ. ಮಗನ ಎದುರು ಸಂಕೋಚಪಡುತ್ತಾರೆ, ಒಂದು ಪರದೆ ಕಟ್ಟಿ. ಈ ಸಂಕೋಚವನ್ನು ಹಗುರವಾಗಿ ಎಣಿಸಬೇಡಿ. ಕಮೋಡಿಗೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಬಿಡುವ ಹಿರಿಯರಿದ್ದಾರೆ. ಸ್ನಾನಕ್ಕೆ ಎತ್ತರದ ಸ್ಟೂಲು, ಬಕೆಟ್ಟಿಗೆ ಇನ್ನೊಂದು ಸ್ಟೂಲು. ಆಗ ನೀರು ಮೊಗೆಯಲು ಬಗ್ಗಬೇಕಿಲ್ಲ. ಗಾಯ ಯಾವಾಗ ನೆನೆಯಬಹುದು ಎಂಬುದನ್ನು ಡಾಕ್ಟರನ್ನು ಕೇಳಿಕೊಳ್ಳಿ. ಕೂರಲು ಕೈಗಳಿರುವ ಗಟ್ಟಿ ಕುರ್ಚಿ ಬೇಕು. ತಗ್ಗಾಗಿದ್ದರೆ ಒಂದರ ಮೇಲೊಂದು ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ಅಲುಗಾಡುವುದಿಲ್ಲವೆಂದು ನೀವೇ ಕುಳಿತು ನೋಡಿದ ಮೇಲೆ. ಏಳುವಾಗ ಕುರ್ಚಿಯ ಅಂಚಿಗೆ ಸರಿದು, ಆಪರೇಷನ್ ಆದ ಕಾಲನ್ನು ಮುಂದೆ ಚಾಚಿ, ಕುರ್ಚಿಯ ಕೈಗಳನ್ನು ಒತ್ತಿ ಏಳಲಿ. ವಾಕರನ್ನು ಹಿಡಿದು ಜಗ್ಗಿ ಏಳಬಾರದು, ಅದು ಮಗುಚುತ್ತದೆ.

ಹೊಸ್ತಿಲ ಬಳಿ ಕಾಲೊರೆಸಲು ಹಾಕಿದ ಗೋಣಿತಾಟು ಇದ್ದರೆ ಇಂದೇ ತೆಗೆದುಹಾಕಿ. ನಡೆಯುವ ದಾರಿಯನ್ನು ಒರೆಸಿದ ಮೇಲೆ ಪೂರ್ತಿ ಆರುವ ತನಕ ಅವರನ್ನು ಎಬ್ಬಿಸಬೇಡಿ. ಹೊಸ್ತಿಲೇ ಇಲ್ಲದ ಒಂದು ದಾರಿಯನ್ನು ಹಜಾರದಲ್ಲಿ ಹುಡುಕಿಕೊಳ್ಳಿ, ಮೊದಲ ವಾರಗಳಲ್ಲಿ ಅಲ್ಲೇ ನಡೆದಾಡಲಿ.

ನನಗೆ ಬಹಳ ಉಪಯೋಗವಾದ ಇನ್ನೊಂದು: ಹಾಸಿಗೆಯ ಮೇಲೆ ಹಿಮ್ಮಡಿಯನ್ನು ಜಾರಿಸುತ್ತಾ ಮಂಡಿ ಮಡಿಸುವ ವ್ಯಾಯಾಮವಿದೆಯಲ್ಲ, ಹತ್ತಿ ಬಟ್ಟೆಯ ಮೇಲೆ ಹಿಮ್ಮಡಿ ಸಿಕ್ಕಿಕೊಂಡು ನೋವಾಗುತ್ತದೆ. ಕಾಲುಚೀಲ ಹಾಕಿ, ಹಿಮ್ಮಡಿಯ ಕೆಳಗೆ ನುಣುಪಾದ ಪ್ಲಾಸ್ಟಿಕ್ ಹಾಳೆ ಇಡಿ. ಮುಗಿದ ಮೇಲೆ ಮರೆಯದೆ ಕಾಲುಚೀಲ ತೆಗೆಯಿರಿ, ಅದರಲ್ಲಿ ನೆಲದ ಮೇಲೆ ನಿಂತರೆ ಜಾರುತ್ತದೆ. ಡಾಕ್ಟರು ಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ನುಂಗಿದರೆ ಕಾಲು ಹೇಳಿದ ಮಾತು ಕೇಳುತ್ತದೆ.

ಮಂಡ್ಯದಿಂದ, ಮನೆಗಳಿಗೆ ಹೋಗುವ ಫಿಸಿಯೊಥೆರಪಿಸ್ಟ್

ಮೇಡಂ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಮೂರು ತಿಂಗಳು ಮಲಗಿಸಿ ಎನ್ನುವ ನೆಂಟರಿಗೆ ನೀವೇ ವಿನಯದಿಂದ ಹೇಳಿ: ಇಂದು ಈ ಆಪರೇಷನ್ ಆದವರನ್ನು ಬಹುತೇಕ ಕಡೆ ಅದೇ ದಿನ ಇಲ್ಲವೇ ಮಾರನೆಯ ದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಮಲಗಿಸಿಟ್ಟರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಸ್ನಾಯುಗಳೂ ಸೊರಗುತ್ತವೆ.

ಮನೆಯವರು ನನ್ನನ್ನು ಕೇಳುವುದು "ಎಷ್ಟು ಸಲ ಮಾಡಿಸಬೇಕು" ಎಂದು. ಒಂದೇ ಬಾರಿಗೆ ಐವತ್ತು ಬೇಡ. ಒಂದೊಂದನ್ನು ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಪಾದವನ್ನು ಮೇಲೆ ಕೆಳಗೆ ಆಡಿಸುವುದನ್ನು ಮಾತ್ರ ಎಚ್ಚರವಿದ್ದಾಗ ಗಂಟೆಗೊಮ್ಮೆ ಮಾಡಲಿ, ಧಾರಾವಾಹಿ ನೋಡುತ್ತಲೂ ಆಗುತ್ತದೆ. ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆಯನ್ನು ಬಿಗಿಹಿಡಿಯುವುದು, ಪೃಷ್ಠವನ್ನು ಬಿಗಿಮಾಡಿ ಐದು ಎಣಿಸಿ ಬಿಡುವುದು, ಹಿಮ್ಮಡಿ ಜಾರಿಸುವುದು, ಮಲಗಿಯೇ ಕಾಲನ್ನು ಪಕ್ಕಕ್ಕೆ ಸರಿಸುವುದು. ಪಕ್ಕಕ್ಕೆ ಸರಿಸುವಾಗ ಮಂಡಿಚಿಪ್ಪು, ಕಾಲ್ಬೆರಳು ಸೂರನ್ನೇ ನೋಡುತ್ತಿರಬೇಕು. ಮಂಡಿ ಮಡಿಸದೆ ಇಡೀ ಕಾಲನ್ನು ಮೇಲೆತ್ತುವ ವ್ಯಾಯಾಮ ಕೊಟ್ಟ ಹಾಳೆಯಲ್ಲಿ ಇದ್ದರೆ ಮಾತ್ರ ಮಾಡಿಸಿ. ಹೊಸ ಕೀಲಿನ ಮೇಲೆ ಅದು ಬಹಳ ಒತ್ತಡ ಹಾಕುತ್ತದೆ, ಎಷ್ಟೋ ಸರ್ಜನ್ನರು ಆರಂಭದಲ್ಲಿ ಬೇಡ ಎನ್ನುತ್ತಾರೆ.

ಪಕ್ಕಕ್ಕೆ ಸರಿಸುವ ಈ ವ್ಯಾಯಾಮವನ್ನು ಜನ ಉಪೇಕ್ಷಿಸುತ್ತಾರೆ, ಆದರೆ ನಡಿಗೆಯ ಜೀವಾಳ ಇದೇ. ಒಂದು ಕಾಲನ್ನು ಎತ್ತಿದಾಗ ನಿಂತ ಕಾಲಿನ ಕಡೆ, ಪೃಷ್ಠದ ಪಕ್ಕದಲ್ಲಿರುವ ಸ್ನಾಯು ಸೊಂಟ ವಾಲದಂತೆ ಹಿಡಿಯುತ್ತದೆ. ವರ್ಷಗಟ್ಟಲೆ ನೋವಿಗೆ ಹೆದರಿ ಕುಂಟಿದವರಲ್ಲಿ ಅದು ಸೊರಗಿರುತ್ತದೆ. ಕೀಲು ಹೊಸದಾದರೂ ಕುಂಟು ಹೋಗದಿರುವುದು ಬಹುಪಾಲು ಇದರಿಂದಲೇ. ಮುಂದೆ ಕೋಲಿಗೆ ಬಂದಾಗ ಅದನ್ನು ಎಡಗೈಯಲ್ಲಿ ಹಿಡಿಯಬೇಕು, ಆಪರೇಷನ್ ಬಲಗಾಲಿಗೆ ಆಗಿದೆಯಲ್ಲ. ಆಗ ಕೋಲು ಆ ಸ್ನಾಯುವಿನ ಕೆಲಸದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಕುಂಟದೆ ನಡೆಯುವ ತನಕ ಕೋಲು ಬಿಡಿಸಬೇಡಿ.

ನಡೆಯುವಾಗ ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆಯ ಕಾಲು. ತಿರುಗುವಾಗ ಸಣ್ಣ ಸಣ್ಣ ಹೆಜ್ಜೆ, ಆ ಕಾಲನ್ನು ಊರಿ ಗಿರಕ್ಕನೆ ತಿರುಗಬಾರದು. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ನಿಮ್ಮ ಎತ್ತರದ ಹೊಸ್ತಿಲನ್ನು ದಾಟುವ ಬಗೆಯನ್ನು ಅಲ್ಲಿಗೆ ಬರುವ ಫಿಸಿಯೊಥೆರಪಿಸ್ಟರೇ ನಿಂತು ಕಲಿಸಲಿ. ಅವರು ಮಾಡಿಸುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬೇರೆಯವರ ವಿಡಿಯೊ ನೋಡಿ ಮಾಡಿಸುವುದು ಬೇಡ. ಮುಂಬದಿಯಿಂದ ಆಪರೇಷನ್ ಆದವರಿಗೆ ಕಟ್ಟುಪಾಡುಗಳೇ ಬೇರೆ, ಅವರಿಗೆ ಕಾಲನ್ನು ಹಿಂದಕ್ಕೆ ಚಾಚುವುದು, ಹೊರಕ್ಕೆ ತಿರುಗಿಸುವುದು ಅಪಾಯ.

ನೋವಿನ ಅಳತೆ ಹೀಗಿದೆ: ವ್ಯಾಯಾಮದ ಹೊತ್ತಿನಲ್ಲಿ ಸ್ನಾಯು ಎಳೆದಂತಾಗಿ ಸ್ವಲ್ಪ ಹೊತ್ತಿನಲ್ಲಿ ತಗ್ಗಿದರೆ ಮುಂದುವರಿಸಿ. ಮಾರನೆಯ ಬೆಳಗ್ಗೆ ನೋವೋ ಊತವೋ ಹೆಚ್ಚಾಗಿದ್ದರೆ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ.

ಮೈಸೂರಿನಿಂದ, ಅತ್ತೆಯವರ ಆರೈಕೆ ಮಾಡಿದ ಸೊಸೆ

ಅಣ್ಣಾ, ಎಣ್ಣೆ ನೀವುವ ವಿಷಯಕ್ಕೆ ಮಾತ್ರ ನಾನು ಬರೆಯುತ್ತಿದ್ದೇನೆ. ದಯವಿಟ್ಟು ಬೇಡ. ಗಾಯಕ್ಕೆ ಎಣ್ಣೆ ತಾಕಬಾರದು, ಮೀನಖಂಡವನ್ನಂತೂ ಈ ವಾರಗಳಲ್ಲಿ ಯಾರೂ ಒತ್ತಬಾರದು. ನಮ್ಮ ಅತ್ತೆಯವರಿಗೆ ಮನೆಗೆ ಬಂದ ಮೇಲೆ ಒಂದು ಸಂಜೆ ಮೀನಖಂಡ ಊದಿ, ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಎದುರುಮನೆಯ ಅಜ್ಜಿ ಪ್ರೀತಿಯಿಂದಲೇ ಎಣ್ಣೆ ಕಾಯಿಸಿ ತಂದಿದ್ದರು. ನಾವು ಕೈಮುಗಿದು ಬೇಡವೆಂದು ಆಸ್ಪತ್ರೆಗೆ ಓಡಿದೆವು. ಸ್ಕ್ಯಾನ್ ಮಾಡಿದರೆ ರಕ್ತ ಹೆಪ್ಪುಗಟ್ಟಿತ್ತು. ನೀವಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದಿತ್ತು ಎಂದು ಡಾಕ್ಟರು ಹೇಳಿದಾಗ ನನ್ನ ಕೈಕಾಲು ತಣ್ಣಗಾಯಿತು.

ಸಂಜೆಯ ವೇಳೆಗೆ ಪಾದ ಸ್ವಲ್ಪ ಊದಿ, ರಾತ್ರಿ ಮಲಗಿ ಎದ್ದರೆ ಇಳಿಯುವುದು ಸಾಮಾನ್ಯ. ಇಳಿಯದ ಊತ, ಮೀನಖಂಡದ ನೋವು, ಗಾಯದಿಂದ ಸೋರಿಕೆ, ಜ್ವರ ಇದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಉಬ್ಬಸ ಬಂದರೆ, ಎದೆ ನೋವು ಬಂದರೆ, ಇಲ್ಲವೇ ಸೊಂಟದಲ್ಲಿ ಹಠಾತ್ತನೆ ತಡೆಯಲಾರದ ನೋವಾಗಿ ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿದಂತೆ ಕಂಡರೆ, ನೀವಾಗಿ ಎತ್ತಿ ಕೂರಿಸಲು ಹೋಗದೆ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟಿರುವ ಮಾತ್ರೆ ಅಥವಾ ಇಂಜೆಕ್ಷನ್ನನ್ನು ಅವಧಿ ಮುಗಿಯುವ ಮುಂಚೆ ನಿಲ್ಲಿಸಬೇಡಿ, ನಡೆದಾಡುತ್ತಿದ್ದಾರಲ್ಲ ಎಂಬ ಧೈರ್ಯದಿಂದಲೂ ಬೇಡ.

ನೋವಿನ ಮಾತ್ರೆಯ ಬಗ್ಗೆ ಮೇಡಂ ಹೇಳಿದ್ದು ಸರಿ, ಆದರೆ ಕೆಲವು ಮಾತ್ರೆಗಳು ಮಂಪರು ತರುತ್ತವೆ. ನಮ್ಮ ಅತ್ತೆಯವರು ಮಾತ್ರೆ ನುಂಗಿ ತೂಗಾಡುತ್ತಿದ್ದರು. ಹಾಗಿದ್ದರೆ ಮಲಗಿ ಮಾಡುವ ವ್ಯಾಯಾಮ ಮಾತ್ರ ಮಾಡಿಸಿ, ನಡಿಗೆಯನ್ನು ಮುಂದಕ್ಕೆ ಹಾಕಿ, ಮಾತ್ರೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ನಿಮ್ಮ ತಾಯಿಯವರ ಭಯಕ್ಕೆ ಬೈಯಬೇಡಿ. ನಮ್ಮ ಅತ್ತೆಗೂ ಒಳಗಿನ ಲೋಹ ಮುರಿದುಹೋಗುತ್ತದೆಂಬ ಭಯವಿತ್ತು. ಡಾಕ್ಟರು ಎಕ್ಸ್‌ರೇ ತೋರಿಸಿ, ಮೂಳೆಯೊಳಗೆ ಎಷ್ಟು ಆಳಕ್ಕೆ ಕೂತಿದೆ ಎಂದು ಬೆರಳಿಟ್ಟು ವಿವರಿಸಿದ ಮೇಲೆಯೇ ಅವರು ಪೂರ್ತಿ ಭಾರ ಹಾಕಿ ನಿಂತದ್ದು. ನಿಮ್ಮ ಹತ್ತಿರವೂ ಆ ಚಿತ್ರ ಇರುತ್ತದೆ, ತೋರಿಸಿ.

ಮಳವಳ್ಳಿ ಕಡೆಯ ರೈತ

ನನಗೆ ಇನ್ನೂ ನಲವತ್ತರ ಆಸುಪಾಸು. ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಅದು ಕುಸಿದು ಕೀಲು ಬದಲಿಸಬೇಕಾಯಿತು. ಆಪರೇಷನ್ ಆದ ಮೇಲೆ ಆ ಕಾಲು ಉದ್ದವಾಗಿದೆ ಅನ್ನಿಸುತ್ತಿತ್ತು. ನಿಮ್ಮ ತಾಯಿಯೂ ಹಾಗೆ ಹೇಳಿದರೆ ಗಾಬರಿಯಾಗಿ ಇನ್ನೊಂದು ಚಪ್ಪಲಿಗೆ ಅಟ್ಟೆ ಹಾಕಿಸಬೇಡಿ. ಬಹಳಷ್ಟು ಸಲ ಅದು ಬಿಗಿದ ಸ್ನಾಯುಗಳಿಂದ ಆಗುವ ಭಾವನೆ, ವ್ಯಾಯಾಮ ಮಾಡುತ್ತಾ ತಿಂಗಳುಗಳಲ್ಲಿ ಸರಿಹೋಗುತ್ತದೆ. ನನಗೂ ಹೋಯಿತು.

ಮನೆಯಿಂದ ಹೊರಗೆ ನಡೆಯಲು ಶುರುಮಾಡಿದಾಗ ನಾಲೆ ಏರಿ, ಗದ್ದೆ ಬದು ಬೇಡ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ, ದನಕರು ಹಟ್ಟಿಗೆ ಬರುವ ಹೊತ್ತು ಬಿಟ್ಟು ನಡೆಯಲಿ. ತಪಾಸಣೆಗೆ ಮೈಸೂರಿಗೆ ಹೋಗುವಾಗ ಬೈಕಿನ ಹಿಂದೆ ಕೂರಿಸಬೇಡಿ. ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ ವಾಲಿಸಿ, ತಗ್ಗಾಗಿದ್ದರೆ ದಿಂಬು ಹಾಕಿ, ಮೊದಲು ಪೃಷ್ಠವನ್ನು ಆ ಸೀಟಿನ ಮೇಲೆ ಊರಿಸಿ ಕೂರಿಸಿ ಆಮೇಲೆ ಕಾಲುಗಳನ್ನು ಒಳಗೆ ತನ್ನಿ. ನಿಮ್ಮ ತಾಯಿ ಹಾಲು ಕರೆಯುವವರಾಗಿದ್ದರೆ ಆ ಕೆಲಸವನ್ನು ಈಗಲೇ ಬೇರೆಯವರಿಗೆ ವಹಿಸಿ. ಕುಕ್ಕರಗಾಲಿನಲ್ಲಿ ಕೂರುವುದನ್ನು ನಾನು ಶಾಶ್ವತವಾಗಿ ಬಿಟ್ಟಿದ್ದೇನೆ, ಕಬ್ಬಿನ ಹೊರೆ ಹೊರುವುದನ್ನೂ ಬಿಟ್ಟಿದ್ದೇನೆ. ಉಳಿದ ಬೇಸಾಯ ನಡೆಯುತ್ತಿದೆ.

ಪ್ರಶ್ನೆ ಕೇಳಿದ ಮಗ

ಎಲ್ಲರಿಗೂ ಕೃತಜ್ಞತೆಗಳು. ಕಮೋಡ್ ಕುರ್ಚಿ ತಂದಿದ್ದೇವೆ, ಗೋಣಿತಾಟು ತೆಗೆದಿದ್ದೇವೆ. ಎಕ್ಸ್‌ರೇ ನೋಡಿದ ಮೇಲೆ ಅಮ್ಮ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿ ಬರುವುದಾಗಿ ಹರಕೆ ಇದೆಯಂತೆ, ಯಾವಾಗ ಆಗುತ್ತದೆ?

ಮಂಡ್ಯದ ಫಿಸಿಯೊಥೆರಪಿಸ್ಟ್

ಸಾವಿರ ಮೆಟ್ಟಿಲಿಗೆ ನಾನು ತಾರೀಖು ಕೊಡಲಾರೆ, ಅದನ್ನು ಅವರ ಸರ್ಜನ್ನರೇ ಹೇಳಬೇಕು. ಆದರೆ ಆಸೆ ಒಳ್ಳೆಯದು, ಅದನ್ನು ಆರಿಸಬೇಡಿ. ಕಟ್ಟುಪಾಡುಗಳು ಸಾಮಾನ್ಯವಾಗಿ 6ರಿಂದ 12 ವಾರ ಇರುತ್ತವೆ, ಎಂದು ಸಡಿಲಿಸಬಹುದು ಎಂಬುದನ್ನು ತಪಾಸಣೆಯಲ್ಲಿ ಕೇಳಿ. ಆಮೇಲೆ ಅಡುಗೆಮನೆಯ ಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ, ಹಿಂದಕ್ಕೆ ಎತ್ತುವುದು, ನಂತರ ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು, ಹೀಗೆ ಕಲಿಸುತ್ತಾ ಹೋಗುತ್ತೇವೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹರಕೆ ತೀರಿಸುವ ದಿನ ಬಂದರೂ ಇಳಿಯಲು ಬಸ್ಸಿನಲ್ಲೇ ಬರಲಿ. ಮುಂದಿನ ವಾರ ನಿಮ್ಮ ಫಿಸಿಯೊಥೆರಪಿಸ್ಟ್ ಬಂದಾಗ ಈ ಹರಕೆಯ ವಿಷಯ ಹೇಳಿ, ಅಮ್ಮನವರ ವ್ಯಾಯಾಮವನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ.