ರೀಫ್ ಟ್ಯಾಂಕಿಗೆ ಕುಂಬಳೆ ಕಡಲಿನ ನೀರು ಆಗ್ತದಾ? ಹಾಕಿ ನೋಡಿದವರು ಹೇಳಿ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ, ಪ್ರಶ್ನೆ:

ಮನೆಯಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ರೀಫ್ ಟ್ಯಾಂಕ್ ಉಂಟು, ಅಂದರೆ ಕಡಲಿನ ಮೀನು, ಹವಳ ಸಾಕುವ ಗಾಜಿನ ಪೆಟ್ಟಿಗೆ. ಲೆಕ್ಕಕ್ಕೆ 190 ಲೀಟರ್. ಒಂದು ಜೋಡಿ ಕ್ಲೌನ್ ಮೀನು, ಎರಡು ಸಿಗಡಿ, ಏಳೆಂಟು ಬಸವನಹುಳು, ಮಶ್ರೂಮ್ ಹವಳ, ಸ್ವಲ್ಪ ಜೋಆಂಥಿಡ್ (ಹೂವಿನ ಹಾಗೆ ಬಿಚ್ಚುವ, ಹವಳದ ನಂಟಿನ ಜೀವಿ). ಎರಡು ವರ್ಷದಿಂದ ಇಂಥ ಟ್ಯಾಂಕಿಗೆಂದೇ ಸಿಗುವ ಪ್ಯಾಕೆಟ್ ಉಪ್ಪು (ರೀಫ್ ಉಪ್ಪು) ಕಲಸಿಯೇ ನಡೆಸ್ತಾ ಬಂದೆ. ತೊಂದರೆ ಉಪ್ಪಿನದ್ದಲ್ಲ, ನೀರಿನದ್ದು. ನಮಗೆ ಇರುವುದು ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು. ಮೇ ತಿಂಗಳಲ್ಲಿ ಅದು ಬೆರಳಿನಷ್ಟು ದಪ್ಪಕ್ಕೆ ಇಳಿಯುತ್ತದೆ. ಉಪ್ಪು ಕಲಸ್ಲಿಕ್ಕೆ 20 ಲೀಟರ್ ಆರ್‌ಒ ನೀರು ಸಿಗಬೇಕಾದ್ರೆ 60 ಲೀಟರ್ ಹೊರಗೆ ಹೋಗ್ತದೆ. ತೋಟದ ಬುಡ ಒಣಗುವಾಗ ಮೀನಿಗೆ ಇಷ್ಟು ನೀರು ಚೆಲ್ಲುವುದು ಮನಸ್ಸಿಗೆ ಹಿತ ಆಗುವುದಿಲ್ಲ. ಜೀಪಿನಲ್ಲಿ ಮುಕ್ಕಾಲು ಗಂಟೆ ಹೋದರೆ ಸಮುದ್ರ. ಎಲ್ಲಿಂದ ತರಬೇಕು, ಯಾವಾಗ, ತಂದು ಎಂತ ಮಾಡಬೇಕು? ಆವಿಯಾದ ನೀರಿಗೆ ಸುರಂಗದ ನೀರನ್ನೇ ಹಾಕಬಹುದಾ?

ಉಪ್ಪಳದಿಂದ:

ಆಗ್ತದೆ. ನಾನು ಆರು ವರ್ಷದಿಂದ ಕಡಲಿನ ನೀರೇ ಹಾಕುವುದು. ಒಳ್ಳೆ ಸಮುದ್ರದ ನೀರಿನಲ್ಲಿ ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಆಸುಪಾಸು, ಕ್ಯಾಲ್ಸಿಯಂ ಲೀಟರಿಗೆ 410 ಮಿಲಿಗ್ರಾಂ ಹತ್ತಿರ, ಮೆಗ್ನೀಷಿಯಂ 1290ರ ಹತ್ತಿರ, ಕ್ಷಾರತೆ 7 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ). ಪ್ಯಾಕೆಟಿನವರು ನಕಲು ಮಾಡ್ಲಿಕ್ಕೆ ನೋಡುವುದು ಇದನ್ನೇ. ಆದರೆ ಈ ಲೆಕ್ಕ ಇರುವುದು ಕಡಲಿನೊಳಗೆ. ದಡಕ್ಕೆ ಬರುವಾಗ ಹೊಳೆ ಸೇರಿರುತ್ತದೆ, ಕ್ಯಾನಿಗೆ ಬರುವಾಗ ನಮ್ಮ ಕೈ ಸೇರಿರುತ್ತದೆ. ಕೆಡುವುದು ಆ ದಾರಿಯಲ್ಲಿ.

ನಿಮಗೆ ಕುಂಬಳೆ ಹತ್ತಿರ ಹೌದು, ಆದರೆ ಅಲ್ಲಿ ಶಿರಿಯ ಹೊಳೆ, ಕುಂಬಳೆ ಹೊಳೆ, ಸ್ವಲ್ಪ ತೆಂಕಕ್ಕೆ ಮೊಗ್ರಾಲ್ ಹೊಳೆ, ಒಂದರ ಬುಡದಲ್ಲಿ ಒಂದು ಕಡಲು ಸೇರುವುದು. ಅಳಿವೆಯ ಹತ್ತಿರ ತುಂಬಿಸಿದ್ರೆ ನಿಮಗೆ ಸಿಗುವುದು ಅರ್ಧ ಹೊಳೆ. ಎರಡು ಅಳಿವೆಗಳ ನಡುವೆ, ಎರಡರಿಂದಲೂ ಆದಷ್ಟು ದೂರದ ಜಾಗ ನೋಡಿ. ಮೀನು ಇಳಿಸುವ ಜಾಗ, ತೋಡು ಬಂದು ಬೀಳುವ ಜಾಗ ಬೇಡ. ತೆಂಕು ಕಡೆ ಹೋಗುವವರಿಗೆ ಇನ್ನೊಂದು ಮಾತು: ತೆಂಗಿನ ಸಿಪ್ಪೆ ಕೊಳೆಯಲು ಹಾಕುವ ಹಿನ್ನೀರಿನ ಬಾಯಿಯಲ್ಲಿ ಎಂದಿಗೂ ತುಂಬಿಸಬೇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್.

ಹೊತ್ತು ಅಂದ್ರೆ ಉಬ್ಬರ ಏರುತ್ತಾ ಬಂದು ನಿಲ್ಲುವ ಮುಂಚಿನ ಒಂದು ಗಂಟೆ. ಇಳಿತದಲ್ಲಿ ಹೊಳೆಯ ನೀರು ಹೊರಗೆ ಬಂದು ದಡದುದ್ದಕ್ಕೂ ಹರಡುತ್ತದೆ. ಉಬ್ಬರದಲ್ಲಿ ಆಚೆಯ ತಿಳಿನೀರು ನಮ್ಮ ಹತ್ತಿರ ಬರುತ್ತದೆ. ಒಂದೇ ಜಾಗದಲ್ಲಿ ಬೆಳಿಗ್ಗೆ ಇಳಿತಕ್ಕೆ 30 ಪಿಪಿಟಿ, ಸಂಜೆ ಉಬ್ಬರಕ್ಕೆ 34 ಕಂಡಿದ್ದೇನೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಮೊದಲು ಒಂದು ಹನಿ ನೋಡಿ, ಮತ್ತೆ ಕ್ಯಾನಿನ ಮುಚ್ಚಳ ತೆಗೆಯಿರಿ. ಆ ಮೀಟರನ್ನು ಸಪ್ಪೆ ನೀರಿನಲ್ಲಿ ಸೊನ್ನೆಗೆ ನಿಲ್ಲಿಸಿದ್ರೆ ಸಾಲದು, 35ರ ಅಳತೆ ದ್ರಾವಣದಲ್ಲಿಯೇ ಸರಿ ಮಾಡಿಕೊಳ್ಳಬೇಕು.

ಕೊರತೆ ಇದ್ದರೆ ಎಸೆಯಬೇಕೆಂದಿಲ್ಲ. 31 ಬಂದರೆ 25 ಲೀಟರಿಗೆ 100 ಗ್ರಾಂಗಿಂತ ತುಸು ಹೆಚ್ಚು ರೀಫ್ ಉಪ್ಪು ಕಲಸಿದ್ರೆ 35ಕ್ಕೆ ಏರ್ತದೆ. ಅಡುಗೆ ಉಪ್ಪು ಅಲ್ಲ.

ಮುಳ್ಳೇರಿಯದಿಂದ:

ಮೇಲಿನವರು ಹೇಳಿದ ‘ನಮ್ಮ ಕೈ’ಯ ಕಥೆ ನನ್ನದು. ತೋಟ ಇರುವ ಪ್ರತಿಯೊಬ್ಬರೂ ಇದನ್ನು ಓದಬೇಕು ಅಂತ ಬರೀತಿದ್ದೇನೆ.

ನಾಲ್ಕು ವರ್ಷದ ಹಿಂದೆ ಬೇಕಲದ ಆಚೆಯಿಂದ ಚಂದದ ನೀರು ತಂದೆ. ಕನ್ನಡಿಯ ಹಾಗಿತ್ತು, ಮೀಟರಿನಲ್ಲಿ ಸರಿಯಾಗಿ 35. ಕ್ಯಾನ್ ಮಾತ್ರ ಕೊಟ್ಟಿಗೆಯ ಅಟ್ಟದ್ದು. ಮೂರು ಸಲ ತೊಳೆದಿದ್ದೆ, ಬಿಸಿಲಿಗೆ ಒಣಗಿಸಿದ್ದೆ, ವಾಸನೆ ಇರಲಿಲ್ಲ. ನೀರು ಹಾಕಿದ ಅರ್ಧ ದಿನದಲ್ಲಿ ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು. ಮರುದಿನ ಬೆಳಿಗ್ಗೆ ಸಿಗಡಿಗಳು ಸತ್ತಿದ್ದವು, ಜೋಆಂಥಿಡ್ ಒಂದೂ ಬಿಚ್ಚಲಿಲ್ಲ. ಮೀನುಗಳು ಮಾತ್ರ ಏನೂ ಆಗದ ಹಾಗೆ ತಿರುಗಾಡ್ತಾ ಇದ್ದವು. ಅದನ್ನು ನೋಡಿಯೇ ನನಗೆ ಹೊಳೆದದ್ದು. ಆ ಕ್ಯಾನಿನಲ್ಲಿ ಹಿಂದೊಮ್ಮೆ ಅಡಕೆಗೆ ಮದ್ದು ಬಿಡುವಾಗ ಮೈಲುತುತ್ತು ಕರಗಿಸಿದ್ದರು.

ಲೆಕ್ಕ ಮಾಡಿ ನೋಡಿ. ಅಡಕೆಗೆ ಬಿಡುವ ಬೋರ್ಡೋ ಮದ್ದು ಮಾಡುವಾಗ 1 ಕಿಲೋ ತುತ್ತನ್ನು 50 ಲೀಟರಿನಲ್ಲಿ ಕರಗಿಸಿ, 1 ಕಿಲೋ ಸುಣ್ಣದ 50 ಲೀಟರ್ ತಿಳಿಗೆ ಸೇರಿಸುತ್ತೇವೆ. ತುತ್ತಿನ ಕಾಲಂಶ ತಾಮ್ರ. ಅಂದರೆ ಸುಣ್ಣ ಸೇರುವ ಮೊದಲಿನ ಆ ನೀರಿನಲ್ಲಿ ಲೀಟರಿಗೆ 5 ಗ್ರಾಂ ತಾಮ್ರ. ಮುಚ್ಚಳದ ಎಳೆಯಲ್ಲಿ, ಹಿಡಿಯ ಸಂದಿನಲ್ಲಿ ಬರೀ 10 ಎಂಎಲ್ ಒಣಗಿ ಕೂತಿದ್ದರೂ 50 ಮಿಲಿಗ್ರಾಂ ಆಯಿತು. 190 ಲೀಟರಿಗೆ ಹಂಚಿದ್ರೆ ಲೀಟರಿಗೆ 0.26. ಬಿಳಿಚುಕ್ಕಿ ರೋಗಕ್ಕೆ ಮೀನಿನ ಆಸ್ಪತ್ರೆ ಟ್ಯಾಂಕಿಗೆ ತುತ್ತಿನ ರೂಪದಲ್ಲಿ ಹಾಕುವ ತಾಮ್ರಕ್ಕಿಂತ ಅದು ಹೆಚ್ಚು. ಮೀನು ತಡೆದುಕೊಳ್ಳುತ್ತದೆ, ಬೆನ್ನೆಲುಬಿಲ್ಲದ ಜೀವಿಗಳು ತಡೆಯುವುದಿಲ್ಲ.

ಅರ್ಧಕ್ಕರ್ಧ ನೀರು ಎರಡು ಸಲ ಬದಲಿಸಿದೆ, ಇದ್ದಿಲು ಹಾಕಿದೆ, ತಾಮ್ರ ಹೀರುವ ರೆಸಿನ್ ತರಿಸಿದೆ. ಸುಣ್ಣದ ಕಲ್ಲಿಗೂ ಮರಳಿಗೂ ತಾಮ್ರ ಅಂಟಿಕೊಂಡು ಮತ್ತೆ ಬಿಡ್ತಾ ಇರ್ತದೆ. ಎಂಟು ತಿಂಗಳು ಒಂದು ಬಸವನಹುಳುವೂ ಉಳಿಯಲಿಲ್ಲ. ಆ ಕಲ್ಲುಗಳನ್ನೆಲ್ಲ ತೆಗೆದು ಹಾಕಿ ಹೊಸತಾಗಿ ಶುರು ಮಾಡಬೇಕಾಯ್ತು. ಆ ಟ್ಯಾಂಕ್ ಮಗಳು ಚಿಕ್ಕವಳಿರುವಾಗ ನಾವಿಬ್ಬರೂ ಕೂತು ಕಟ್ಟಿದ್ದು.

ಹಾಗಾಗಿ ಹೊಸ ಕ್ಯಾನ್ ತನ್ನಿ, ಆಹಾರಕ್ಕೆ ಬಳಸುವ ಜಾತಿಯದ್ದು. ಮೇಲೆ ದೊಡ್ಡದಾಗಿ ‘ಕಡಲು’ ಅಂತ ಬರೆದು ಮನೆಯೊಳಗೇ ಇಡಿ. ತಾಮ್ರದ ಕೊಡ, ಹಿತ್ತಾಳೆ ನಳ್ಳಿ, ಜಿಂಕ್ ಬಕೆಟ್ ಯಾವುದೂ ಆ ನೀರಿಗೆ ತಾಗಬಾರದು.

ಕಾಸರಗೋಡು ಕಸಬದಿಂದ:

ನಮ್ಮದು ಮೀನು ಹಿಡಿಯುವ ಮನೆ. ಟ್ಯಾಂಕ್ ಇಟ್ಟದ್ದು ನಾನು ಒಬ್ಬನೇ. ದಡದಲ್ಲಿ ಸೊಂಟದುದ್ದ ನೀರಿಗಿಳಿದು ತುಂಬಿಸುವುದಕ್ಕಿಂತ ಪರಿಚಯದ ದೋಣಿಯವರ ಹತ್ತಿರ ಎರಡು ಕ್ಯಾನ್ ಕೊಡುವುದು ಒಳ್ಳೆಯದು. ಬಲೆ ಬಿಡುವ ಜಾಗದಲ್ಲಿ ತುಂಬಿಸಿ ತರ್ತಾರೆ. ಆದರೆ ಹೇಳಿಕೊಡಬೇಕು: ಎಂಜಿನ್ ನಿಲ್ಲಿಸಿ, ದೋಣಿಯ ಮುಂದಿನ ತಲೆಯಿಂದ, ನೀರು ಎದುರಿಂದ ಬರುವ ಕಡೆಗೆ ಕ್ಯಾನ್ ಮುಳುಗಿಸಿ. ಹಿಂದಿನ ಕಡೆ ಎಣ್ಣೆಯ ಪೊರೆ ಇರುತ್ತದೆ. ಕ್ಯಾನಿನ ಬಾಯಿ ಮೇಲ್ಮೈಗಿಂತ ಒಂದು ಮೊಳ ಕೆಳಗೆ ಹೋಗಿ ತೆರೆಯಬೇಕು.

ಕಾಲದ ಬಗ್ಗೆ ಯಾರೂ ಹೇಳಲಿಲ್ಲ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆದ ಮೇಲೆ ನೀರು ತರಬೇಡಿ. ಮೇ ಕೊನೆಗೆ ಮಳೆ ಹಿಡಿದರೆ ಹೊಳೆಗಳೆಲ್ಲ ಕೆಂಪು ಮಣ್ಣು ಹೊತ್ತು ಬರುತ್ತವೆ, ಅಳಿವೆ ಒಡೆಯುತ್ತದೆ. ಮಳೆಗಾಲದಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಗಾಳಿಯ ಎಳೆತಕ್ಕೆ ಮೇಲಿನ ನೀರು ದಡದಿಂದ ಆಚೆಗೆ ಸರಿದು, ತಳದ ತಣ್ಣೀರು ಮೇಲೆ ಬರುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬಾ, ಆಮ್ಲಜನಕ ಕಡಿಮೆ. ಮೀನುಗಾರಿಕೆಗೆ ಅದು ಗೊಬ್ಬರ, ಸೆಪ್ಟೆಂಬರಿನಲ್ಲಿ ಬೂತಾಯಿ ಮೀನು ಬರುವುದು ಆ ಗೊಬ್ಬರದ ಬಲದಿಂದ. ನಿಮ್ಮ ಗಾಜಿನ ಪೆಟ್ಟಿಗೆಗೆ ಅದೇ ಪಾಚಿ. ಮಳೆ ನಿಂತ ಮೇಲೂ ಸ್ವಲ್ಪ ದಿನ ನೀರು ಹಸಿರಾಗಿಯೋ ಕೆಂಪಾಗಿಯೋ ಪಟ್ಟೆ ಪಟ್ಟೆಯಾಗಿ ಕಂಡರೆ, ರಾತ್ರಿ ತೆರೆ ಮುರಿಯುವಲ್ಲಿ ನೀಲಿಯಾಗಿ ಮಿನುಗಿದರೆ, ಎಷ್ಟು ಚಂದವಾದರೂ ಆ ವಾರ ಕ್ಯಾನ್ ಇಳಿಸಬೇಡಿ. ಅದು ಸೂಕ್ಷ್ಮಜೀವಿಗಳ ರಾಶಿ, ಕ್ಯಾನಿನೊಳಗೆ ಸತ್ತು ಅಮೋನಿಯ ಆಗ್ತದೆ.

ಡಿಸೆಂಬರ್, ಜನವರಿಯಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಮೀಟರ್ 33ರ ಹತ್ತಿರ ತೋರಿಸಬಹುದು. ಮೀಟರ್ ಕೆಟ್ಟದ್ದಲ್ಲ. ಆ ಹೊತ್ತಿಗೆ ದಡದ ಪ್ರವಾಹ ತೆಂಕಿನಿಂದ ಬಡಗಿಗೆ ತಿರುಗಿ, ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರನ್ನು ನಮ್ಮ ಕರಾವಳಿಗೆ ತರುತ್ತದೆ. ನನ್ನ ಅನುಭವದಲ್ಲಿ ಫೆಬ್ರವರಿ ಕೊನೆಯಿಂದ ಮೇ ನಡುವಿನ ತನಕದ ನೀರು ಎಲ್ಲಕ್ಕಿಂತ ಒಳ್ಳೆಯದು. ಪೆರ್ಲದವರಿಗೆ ನೀರು ಕಷ್ಟವಾಗುವುದೂ ಆಗಲೇ ಅಲ್ವಾ.

ಹೊಸಂಗಡಿಯಿಂದ:

ನಾನು ಎರಡು ವರ್ಷ ಕಡಲಿನ ನೀರು ಹಾಕಿ ಬಿಟ್ಟೆ. ನೀರು ಕೆಟ್ಟದ್ದಿತ್ತು ಅಂತಲ್ಲ. 25 ಲೀಟರಿನ ಕ್ಯಾನ್ 25 ಕಿಲೋ ದಾಟುತ್ತದೆ, ಮರಳಿನಲ್ಲಿ ಹೊತ್ತು ನನ್ನ ಸೊಂಟ ಹೋಯಿತು. ಮಳೆಗಾಲ ನಾಲ್ಕು ತಿಂಗಳು ಹೇಗೂ ಉಪ್ಪು ಬೇಕು. ಹಾಗೆ ಎರಡರ ನಡುವೆ ಓಡಾಡುವಾಗ ಕ್ಷಾರತೆ 7ರಿಂದ 10ಕ್ಕೆ, 10ರಿಂದ 7ಕ್ಕೆ ಜಿಗಿಯುತ್ತಿತ್ತು, ಯಾಕಂದ್ರೆ ನಾನು ತರಿಸುವ ಉಪ್ಪಿನಲ್ಲಿ ಅದು ಜಾಸ್ತಿ. ಹವಳಕ್ಕೆ ಎರಡೂ ಆದೀತು, ಜಿಗಿತ ಆಗುವುದಿಲ್ಲ. ಬದಲಿಸುವವರು ಒಂದು ಸಲಕ್ಕೆ ಹತ್ತನೇ ಒಂದು ಭಾಗ ಮಾತ್ರ ಬದಲಿಸಿ.

ಉಪ್ಪಳದಿಂದ ಮತ್ತೆ:

ಹೊಸಂಗಡಿಯವರ ಮಾತು ನಿಜ. ಹಾಗಂತ ಮಳೆಗಾಲಕ್ಕೆ ಉಪ್ಪೇ ಗತಿ ಅಂತಿಲ್ಲ. ನಾನು ಮೇ ತಿಂಗಳಲ್ಲಿ 300 ಲೀಟರ್ ತಂದು ಕಪ್ಪು ಡ್ರಮ್ಮುಗಳಲ್ಲಿ ಇಡುತ್ತೇನೆ. ತಂದ ಕೂಡಲೇ ಮುಚ್ಚಳ ತೆಗೆದು, ಸಣ್ಣ ಫಿಲ್ಟರ್ ಚೀಲದಲ್ಲಿ ಸೋಸಿ, ಗಾಳಿ ಕಲ್ಲು (ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಬಿಡುವುದು. ಅರೆಬರೆ ಕಾಲ ಅತಿ ಕೆಟ್ಟದ್ದು: ಅದೇ ದಿನ ಟ್ಯಾಂಕಿಗೆ ಹಾಕಿ, ಇಲ್ಲ ಕತ್ತಲೆಯಲ್ಲಿ ಮೂರು ನಾಲ್ಕು ವಾರ ಗಾಳಿ ಕೊಟ್ಟು ಇಡಿ. ನಡುವಿನ ದಿನಗಳಲ್ಲಿ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಸತ್ತು ಅಮೋನಿಯ ಏರುತ್ತದೆ. ಕಡಲ ನೀರಿನ ಪಿಎಚ್ 8ರ ಮೇಲೆ ಇರುವುದರಿಂದ ಅಲ್ಲಿ ಅಮೋನಿಯ ಸಿಹಿನೀರಿಗಿಂತ ಹೆಚ್ಚು ವಿಷ. ಟೆಸ್ಟ್ ಸೊನ್ನೆ ತೋರಿಸಿದ ಮೇಲೆಯೇ ಬಳಸಿ. ತಳದ ಎರಡು ಇಂಚು ಕೆಸರು ಕಲಕದೆ ಬಿಟ್ಟುಬಿಡಿ.

ಕುಂಬಳೆಯಿಂದ:

ನಾನು ಸಿಗಡಿ ಮರಿ ಮಾಡುವ ಕಡೆ ಕೆಲಸ ಮಾಡಿದವ. ಅಲ್ಲಿ ಸಮುದ್ರದ ನೀರಿಗೆ ಕ್ಲೋರಿನ್ ಕೊಡದೆ ಒಳಗೆ ಬಿಡುವುದಿಲ್ಲ. ಮನೆಯಲ್ಲೂ ಅದೇ ಮಾಡ್ತೇನೆ. 100 ಲೀಟರಿಗೆ 5 ಶೇಕಡಾದ ಸಾದಾ ಸೋಡಿಯಂ ಹೈಪೋಕ್ಲೋರೈಟ್ 20 ಎಂಎಲ್, ಅಂದರೆ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಕ್ಲೋರಿನ್. ಪರಿಮಳ, ಸೋಪು ಸೇರಿಸಿದ್ದು ಬೇಡವೇ ಬೇಡ. ಒಂದು ದಿನ ಗಾಳಿ ಹೊಡೆಸಿ, ಮತ್ತೆ ಕ್ಲೋರಿನ್ ಕಳೆಯುವ ಸೋಡಿಯಂ ಥಯೋಸಲ್ಫೇಟ್ 7 ಗ್ರಾಂ ಕರಗಿಸಿ ಹಾಕಿ, ಇನ್ನೊಂದು ದಿನ ಗಾಳಿ. ಕೊನೆಗೆ ಕ್ಲೋರಿನ್ ಕಿಟ್ಟಿನಲ್ಲಿ ಸೊನ್ನೆ ಬರಬೇಕು. ಮೂಗಿಗೆ ವಾಸನೆ ಬರುವುದಿಲ್ಲ ಅಂತ ನಂಬಬೇಡಿ. ಸಮುದ್ರದ ನೀರಿನಲ್ಲಿ ಬ್ರೋಮೈಡ್ ಇರುವುದರಿಂದ ಕ್ಲೋರಿನ್ ಹೋಗಿ ಬ್ರೋಮಿನ್ ಉಳಿದಿರುತ್ತದೆ, ಅದೂ ಕೊಲ್ಲುತ್ತದೆ.

ಇದರಲ್ಲಿ ರೋಗಾಣು ಹೋಗುವ ಹಾಗೆ ಒಳ್ಳೆ ಪ್ಲಾಂಕ್ಟನ್ ಕೂಡ ಹೋಗ್ತದೆ. ದೋಣಿಯಲ್ಲಿ ಆಚೆಯಿಂದ ತಂದ ನೀರಾದ್ರೆ ಕ್ಲೋರಿನ್ ಬೇಡ ಅನ್ನುವವರ ಜತೆ ನಾನು ಜಗಳ ಮಾಡುವುದಿಲ್ಲ. ದಡದ ನೀರಿಗೆ ಬೇಕೇ ಬೇಕು. ಆದರೆ ಕ್ಲೋರಿನ್ ತಾಮ್ರವನ್ನಾಗಲಿ ಡೀಸೆಲನ್ನಾಗಲಿ ತೆಗೆಯುವುದಿಲ್ಲ, ಅದು ನೆನಪಿರಲಿ.

ಸುರಂಗದ ನೀರಿನ ಪ್ರಶ್ನೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ತುಂಬಿಸಬೇಕಾದ್ದು ಸಿಹಿನೀರು, ಕಡಲಿನದ್ದಲ್ಲ. ನಮ್ಮ ಮುರಕಲ್ಲಿನ ಗುಡ್ಡೆಯ ನೀರಿನಲ್ಲಿ ಟಿಡಿಎಸ್ (ಕರಗಿದ ವಸ್ತುಗಳ ಒಟ್ಟು ಪ್ರಮಾಣ) ಕಡಿಮೆ ಬರುತ್ತದೆ, ನೋಡಿದರೆ ಆಸೆಯಾಗುತ್ತದೆ. ಆದರೆ ಟಿಡಿಎಸ್ ಮೀಟರ್ ಎಷ್ಟು ಅಂತ ಹೇಳುತ್ತದೆ, ಎಂತದು ಅಂತ ಹೇಳುವುದಿಲ್ಲ. ಕಬ್ಬಿಣ ಇರಬಹುದು. ಗುಡ್ಡೆಯ ಮೇಲೆ ಅಡಕೆ ತೋಟ ಇದ್ದರೆ ಗೊಬ್ಬರದ ನೈಟ್ರೇಟ್, ವರ್ಷ ವರ್ಷ ಬಿಟ್ಟ ತುತ್ತಿನ ತಾಮ್ರ ಇರಬಹುದು. ಹಾಗಾಗಿ ಸುರಂಗದ ನೀರನ್ನು ಆರ್‌ಒ ಮಾಡಿಯೇ ಹಾಕಿ. ದಿನಕ್ಕೆ ಒಂದೆರಡು ಲೀಟರ್ ಸಾಕಾಗ್ತದೆ, ಹೊರಗೆ ಹೋಗುವ ನೀರನ್ನು ಬಾಳೆಯ ಬುಡಕ್ಕೆ ಬಿಡಿ.

ಇನ್ನೊಂದು. ನೀರು ತರುವಾಗ ದಡದಲ್ಲಿ ಕಂಡ ಹವಳದ ತುಂಡು, ಜೀವ ಇರುವ ಕಲ್ಲು ತರಬೇಡಿ. ಕಲ್ಲುಹವಳ, ಕರಿಹವಳ, ಬೆಂಕಿಹವಳ, ಕಡಲಬೀಸಣಿಗೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಕಡಲಕುದುರೆಯೂ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ನೇತ್ರಾಣಿಗೆ ಡೈವಿಂಗ್ ಹೋದವರು ನೆನಪಿಗೆ ಅಂತ ಒಂದು ತುಂಡು ತಂದದ್ದನ್ನು ನೋಡಿ ನನಗೆ ತುಂಬಾ ಬೇಸರವಾಗಿತ್ತು.

ಪೆರ್ಲದಿಂದ ಮತ್ತೆ:

ಎಲ್ಲರಿಗೂ ನಮಸ್ಕಾರ. ಆರು ಹೊಸ ಕ್ಯಾನ್ ತಂದೆ, ‘ಕಡಲು’ ಅಂತ ಕೆಂಪು ಬಣ್ಣದಲ್ಲಿ ಬರೆಸಿದೆ. ನಮ್ಮ ಮನೆಯಲ್ಲೂ ಅಟ್ಟದಲ್ಲಿ ಹಳೆಯ ಎರಡು ಕ್ಯಾನ್ ಇದ್ದವು, ಮುಳ್ಳೇರಿಯದವರು ಬರೆಯದಿದ್ದರೆ ಅದನ್ನೇ ತೊಳೆಯುತ್ತಿದ್ದೆ. ಕಳೆದ ಭಾನುವಾರ ಉಬ್ಬರ ನೋಡಿಕೊಂಡು ಹೋಗಿ, ಪರಿಚಯದವರ ದೋಣಿಯಲ್ಲಿ ತುಂಬಿಸಿ ತಂದೆ. 34.5 ಬಂತು. ಎರಡು ಕ್ಯಾನಿಗೆ ಕುಂಬಳೆಯವರ ಕ್ರಮದಲ್ಲಿ ಕ್ಲೋರಿನ್ ಕೊಟ್ಟೆ, ನಾಲ್ಕನ್ನು ಕತ್ತಲೆ ಕೋಣೆಯಲ್ಲಿ ಗಾಳಿ ಕಲ್ಲು ಹಾಕಿ ಇಟ್ಟಿದ್ದೇನೆ. ಕ್ಲೋರಿನ್ ಸೊನ್ನೆ ಬಂದ ಮೇಲೆ ನಿನ್ನೆ 15 ಲೀಟರ್ ಬದಲಿಸಿದೆ. ಬಸವನಹುಳುಗಳು ಗಾಜಿನ ಮೇಲೆಯೇ ಇವೆ, ಸಿಗಡಿ ಸಂಜೆ ಪೊರೆ ಕಳಚಿತು.

ಮುಳ್ಳೇರಿಯದಿಂದ:

ಪೊರೆ ಕಳಚಿದ್ದು ಕೇಳಿ ಖುಷಿಯಾಯ್ತು. ಆ ಹಳೆಯ ಎರಡು ಕ್ಯಾನ್ ಕೊಟ್ಟಿಗೆಯಲ್ಲಿ ಇಡಬೇಡಿ, ಇವತ್ತೇ ಕತ್ತರಿಸಿ ಹಾಕಿ. ಇನ್ನೊಂದು ದಿನ ಅರ್ಜೆಂಟಿಗೆ ಮನೆಯವರು ಯಾರಾದರೂ ಅದರಲ್ಲೇ ನೀರು ತುಂಬಿಸ್ತಾರೆ.