ತಾಳಿಕೋಟಿಯ ‘ಟಿ’: ಗೂಢ ಪದಬಂಧದಲ್ಲಿ ಊರ ಮಾತಿಗೆ ಎಷ್ಟು ಜಾಗ?

ಎಲ್ಲರಿಗೂ ನಮಸ್ಕಾರ. ಒಂದು ಸುಳಿವಿನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ವಿಜಯಪುರದಲ್ಲಿ ನಮ್ಮ ಓಣಿಯ ವಾಚನಾಲಯದ ಗೋಡೆಗೆ ಪ್ರತಿ ರವಿವಾರ ಕೈಯಲ್ಲಿ ಬರೆದ ಪದಬಂಧ ಅಂಟಿಸುತ್ತೇವೆ. ಸುಳಿವುಗಳೆಲ್ಲ ಗೂಢ ಸುಳಿವುಗಳು, ಅಂದ್ರೆ ಕ್ರಿಪ್ಟಿಕ್. ಬರೆಯುವವರು ನಿವೃತ್ತಿಯಾದ ಕನ್ನಡ ಮಾಸ್ತರರು. ಹೋದ ವಾರದ ಹಾಳೆಯಲ್ಲಿ ಇದಿತ್ತು:

ಮಾಂಗಲ್ಯ, ನೂರು ಲಕ್ಷ: 1565ರ ಕದನಕ್ಕೆ ಹೆಸರು ಕೊಟ್ಟ ಊರು (4)

ಉತ್ತರ ತಾಳಿಕೋಟಿ. ಮಾಂಗಲ್ಯ ಅಂದ್ರೆ ತಾಳಿ. ನೂರು ಲಕ್ಷ ಅಂದ್ರೆ ಕೋಟಿ. ನಮ್ಮ ಹುಡುಗರು ಓದಿದ ತಕ್ಷಣ ತುಂಬಿದರು. ಮೈಸೂರಿನಿಂದ ಬಂದಿದ್ದ ಬೀಗರೊಬ್ಬರು ಮಾತ್ರ ಒಪ್ಪಲಿಲ್ಲ. “ಪಠ್ಯಪುಸ್ತಕದಲ್ಲಿ ತಾಳಿಕೋಟೆ ಅಂತಿದೆ. ಕೊನೆಯ ಅಕ್ಷರ ‘ಟೆ’. ನೀವು ‘ಟಿ’ ಮಾಡಿ ಕೋಟಿ ರೂಪಾಯಿ ತಂದು ಸೇರಿಸಿದ್ದೀರಿ. ಇದು ನ್ಯಾಯ ಅಲ್ಲ” ಅಂದರು. ಅವರು ಪದಬಂಧ ಬಲ್ಲವರು, ಸುಮ್ನೆ ತಕರಾರು ಮಾಡುವವರಲ್ಲ. ಹಾಗಾಗಿ ಮಾತು ಬೆಳೆಯಿತು. ನನ್ನ ಮಟ್ಟಿಗೆ ಸುಳಿವು ಪೂರ್ತಿ ನ್ಯಾಯವಾಗಿದೆ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು, ಅದು ಅಷ್ಟು ಸುಲಭದ್ದಲ್ಲ.

ಮೊದಲು ಹೊಸಬರಿಗೆ ಒಂದೆರಡು ಮಾತು. ಗೂಢ ಸುಳಿವಿನಲ್ಲಿ ಎರಡು ಭಾಗ ಇರುತ್ತವೆ. ಒಂದು ಉತ್ತರದ ನೇರ ಅರ್ಥ. ಇನ್ನೊಂದು ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ಆಟ. ಒಗಟಿನಲ್ಲಿ ಉತ್ತರಕ್ಕೆ ಹೋಗುವ ದಾರಿ ಒಂದೇ. ಇಲ್ಲಿ ಎರಡು ದಾರಿ, ಎರಡೂ ಒಂದೇ ಬಾಗಿಲಿಗೆ ಬಂದು ನಿಲ್ಲಬೇಕು. “ಹಸು, ಕಾಗೆ ಸೇರಿದ ಕರದಂಟಿನ ಊರು (3)” ಅಂದ್ರೆ ಗೋಕಾಕ. ಹಸು ಗೋ, ಕಾಗೆ ಕಾಕ. “ಹಾಸನ ಗರಡಿಯೊಳಗೆ ಪಟ್ಟಣ (3)” ಅಂದ್ರೆ ನಗರ. ಹಾಸನದ ಕೊನೆ, ಗರಡಿಯ ಮೊದಲು ಸೇರಿಸಿ ಓದಿ, ಒಳಗೇ ಕೂತಿದೆ. “ಕಪ್ಪು ಆನೆ (2)” ಇನ್ನೂ ಚೆಂದ. ಓದುವಾಗ ಒಂದು ಕಪ್ಪನೆ ಆನೆ ಕಣ್ಣ ಮುಂದೆ ಬರುತ್ತದೆ. ನಿಜಕ್ಕೂ ಅಲ್ಲಿರುವುದು ಬೇರೆ ಬೇರೆ ಎರಡು ಅರ್ಥ. ಕಪ್ಪು ಅಂದರೂ ಕರಿ, ಆನೆ ಅಂದರೂ ಕರಿ.

ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಅದರ ಜೊತೆಗೇ ಬರುತ್ತವೆ. “ಹೊರಳಿದ ದಿನವೇ ಹೊಳೆ (2)” ಅಂದಾಗ ದಿ, ನ ಎರಡನ್ನೂ ಹಾಗೇ ಎತ್ತಿ ತಿರುಗಿಸಿದರೆ ನದಿ ಆಗುತ್ತದೆ. ಇಂಗ್ಲಿಷಿನ ಹಾಗೆ ಒಂದೊಂದೇ ಧ್ವನಿ ಬಿಡಿಸಿ ತಿರುಗಿಸಿದರೆ ‘ಅನಿದ್’ ಅಂತ ಏನೋ ಬರುತ್ತದೆ. ಈ ನಿಯಮದಿಂದಾಗಿಯೇ ‘ಟಿ’ ಮತ್ತು ‘ಟೆ’ ನಡುವೆ ರಾಜಿ ಸಾಧ್ಯವಿಲ್ಲ. ಮನೆಯೊಳಗೆ ಎರಡರಲ್ಲಿ ಒಂದನ್ನೇ ಬರೆಯಬೇಕು.

ಮಾಸ್ತರರ ಹಾಳೆಯಲ್ಲಿ ಆ ನಾಲ್ಕನೇ ಮನೆಯನ್ನು ಮೇಲಿನಿಂದ ಕೆಳಕ್ಕೆ ಇನ್ನೊಂದು ಪದ ದಾಟುತ್ತಿತ್ತು: “ಗೆದ್ದ ಸೈನ್ಯ ಸೋತ ಊರಿನಲ್ಲಿ ಮಾಡುವುದು (2)”. ಉತ್ತರ ಲೂಟಿ. 1565ರ ಜನವರಿಯ ಕದನದ ನಂತರ ಹಂಪಿಗೆ ಆದದ್ದು ಅದೇ ಅಲ್ವಾ? ಲೂಟಿ ಎಲ್ಲಿ ಹೋದರೂ ಲೂಟಿಯೇ, ಯಾರ ಬಾಯಲ್ಲೂ ಲೂಟೆ ಆಗುವುದಿಲ್ಲ. ಅಲ್ಲಿಗೆ ಆ ಮನೆಗೆ ‘ಟಿ’ ಗಟ್ಟಿಯಾಯಿತು. ಬಿಡಿಸುವವರಿಗೆ ಇದಕ್ಕಿಂತ ಜಾಸ್ತಿ ಸಹಾಯ ಏನು ಬೇಕು?

ಊರಿನ ಹೆಸರಿನ ವಿಷಯದಲ್ಲಿ ನನ್ನ ವಾದ ಇಷ್ಟೇ. ಆ ಊರು ನಮ್ಮ ಜಿಲ್ಲೆಯದ್ದು. ಅಲ್ಲಿಯವರು ತಮ್ಮ ಊರನ್ನು ತಾಳಿಕೋಟಿ ಅನ್ನುತ್ತಾರೆ. ಪತ್ರಿಕೆಗಳಲ್ಲಿ ಎರಡೂ ರೂಪ ಕಾಣುತ್ತವೆ. ಮೂಲದಲ್ಲಿ ಅದು ಕೋಟೆಯೇ ಇರಲಿ, ಊರಿನ ಹೆಸರು ಹೇಗೆ ಹೇಳಬೇಕು ಅನ್ನುವ ಮೊದಲ ಹಕ್ಕು ಊರವರದು. ಬಾಗಲಕೋಟಿಗೂ ಇದೇ ಮಾತು.

ತೊಡಕು ಇರುವುದು ಊರಿನ ಹೆಸರಲ್ಲದ ಪದಗಳಲ್ಲಿ. ನಮ್ಮ ಕಡೆ ಪದದ ಕೊನೆಯ ಎಕಾರ ಇಕಾರ ಆಗುತ್ತದೆ. ಮನೆ ಮನಿ, ತಲೆ ತಲಿ, ಸಂತೆ ಸಂತಿ, ಶಾಲೆ ಸಾಲಿ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಪದಬಂಧ ಬರೆಯುವವರಿಗೆ ಇದರಿಂದ ಸಿಗುವ ಸಿರಿ ಎಷ್ಟು ಅಂತ ಯಾರೂ ಅಷ್ಟಾಗಿ ಯೋಚಿಸಿದ ಹಾಗೆ ಕಾಣುವುದಿಲ್ಲ.

ಮತ್ತೆ ಕರಿಯನ್ನೇ ನೋಡಿ. ಕಪ್ಪು ಮತ್ತು ಆನೆ ಎಲ್ಲ ಕಡೆಯೂ ಸಲ್ಲುತ್ತವೆ. ಎಣ್ಣೆಯಲ್ಲಿ ಬಜಿ ಕರಿ ಅನ್ನುವುದೂ ಸಲ್ಲುತ್ತದೆ. ನಮ್ಮಲ್ಲಿ ಇದರ ಮೇಲೆ “ಅವನ್ನ ಒಳಗ ಕರಿ” ಅಂತ ಒಂದಿದೆ. ಅದು ಪುಸ್ತಕದ ಕರೆ. ಇನ್ನು ಕಾರಹುಣ್ಣಿಮೆ ಬಂತೆಂದರೆ ಕರಿ ಹರಿಯುವುದು. ಎತ್ತುಗಳಿಗೆ ಬಣ್ಣ ಬಳಿದು, ಕೊಂಬಿಗೆ ಸಿಂಗಾರ ಮಾಡಿ, ಸಂಜೆ ಅಗಸಿಯಲ್ಲಿ, ಅಂದ್ರೆ ಊರ ಬಾಗಿಲಲ್ಲಿ, ಓಡಿಸುತ್ತಾರೆ. ಅಡ್ಡಲಾಗಿ ಕಟ್ಟಿದ ಬೇವಿನ ಸೊಪ್ಪಿನ ಹಗ್ಗವನ್ನು ಯಾವ ಎತ್ತು ಮೊದಲು ಹರಿಯಿತು ಅಂತ ಊರೇ ನೋಡುತ್ತದೆ. ಎರಡೇ ಅಕ್ಷರದ ಪದದಲ್ಲಿ ಇಷ್ಟೆಲ್ಲ ಕೂತಿದೆ. “ಕಾರಹುಣ್ಣಿಮೆಗೆ ಎತ್ತು ಹರಿದದ್ದು ಕಪ್ಪು (2)” ಅಂತ ಬರೆದರೆ ಬಾಗಲಕೋಟಿಯ ರೈತನ ಮಗ ನಿಮಿಷದಲ್ಲಿ ಬಿಡಿಸುತ್ತಾನೆ. ಬೆಂಗಳೂರಿನವರಿಗೆ ಎತ್ತಿನ ದಾರಿ ಗೊತ್ತಿಲ್ಲದಿದ್ದರೂ ಕಪ್ಪಿನ ದಾರಿ ತೆರೆದೇ ಇದೆ. ಇಂಥ ಸುಳಿವು ನನಗೆ ಬಹಳ ಇಷ್ಟ. ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ.

ಬಳಿ ಸ್ವಲ್ಪ ಬೇರೆ. ಹತ್ತಿರ ಅನ್ನುವ ಅರ್ಥ ಎಲ್ಲರಿಗೂ ಗೊತ್ತು. ಸುಣ್ಣ ಬಳಿ ಅನ್ನುವುದೂ ಗೊತ್ತು. ನಮ್ಮ ಹೆಣ್ಣುಮಕ್ಕಳು ಜಾತ್ರೆಯಲ್ಲಿ ಬಳಿ ಇಡಿಸಿಕೊಂಡು ಬರುತ್ತಾರೆ, ಅದು ಬಳೆ. ಈಗ “ಮದುಮಗಳ ಕೈಯಲ್ಲಿರುವುದು ಹತ್ತಿರ (2)” ಅಂತ ಬರೆದರೆ ಮೈಸೂರಿನ ಬೀಗರು ಬಳೆ ಅಂತ ತುಂಬಿ, ‘ಹತ್ತಿರ’ ಯಾಕೆ ಬಂತು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಇಲ್ಲಿ ಅವರ ದೂರು ಸರಿಯಾದದ್ದೇ. ಸುಳಿವಿನಲ್ಲಿ ಒಂದು ಸೂಚನೆ ಇರಬೇಕು. “ವಿಜಯಪುರದ ಮದುಮಗಳ ಕೈಯಲ್ಲಿರುವುದು ಹತ್ತಿರ (2)” ಅಂತ ಮಾಡಿದರೆ ಸಾಕು. ಓದುವಾಗ ವಿಜಯಪುರ ಅನ್ನುವುದು ಮದುಮಗಳ ಊರು ಅಷ್ಟೇ ಅನ್ನಿಸುತ್ತದೆ. ಬಿಡಿಸಿದ ಮೇಲೆ ಅದು ಮಾತಿನ ಊರು ಅಂತ ಹೊಳೆಯುತ್ತದೆ. ಸೂಚನೆ ಕಣ್ಣ ಮುಂದೆಯೇ ಇದ್ದು ಕಾಣದ ಹಾಗಿರಬೇಕು, ಗೂಢ ಸುಳಿವಿನ ಹೆಚ್ಚುಗಾರಿಕೆ ಇರುವುದೇ ಅಲ್ಲಿ.

ಇಂಗ್ಲಿಷಿನಲ್ಲಿ ಈ ಪದ್ಧತಿ ಚೆನ್ನಾಗಿ ಬೇರೂರಿದೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಕೊಟ್ಟಾಗ ಸುಳಿವುಗಳು ನೇರವಾಗಿದ್ದವು. ಗೂಢ ಸುಳಿವು ಬೆಳೆದದ್ದು ಇಂಗ್ಲೆಂಡಿನಲ್ಲಿ. ಟಾರ್ಕೆಮಾಡ ಅನ್ನುವ ಗುಪ್ತನಾಮದಲ್ಲಿ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ 1926ರಿಂದ ಅಬ್ಸರ್ವರ್ ಪತ್ರಿಕೆಗೆ ಬರೆದರು. 1939ರಲ್ಲಿ ಅವರು ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದ ಡಿ. ಎಸ್. ಮ್ಯಾಕ್‌ನಟ್, ಅಂದ್ರೆ ಕ್ಸಿಮೆನೀಸ್, ನಿಯಮಗಳನ್ನು ಬಿಗಿ ಮಾಡಿದರು. ಬಿಡಿಸುವವರ ದಾರಿ ತಪ್ಪಿಸಬಹುದು, ಆದರೆ ಬರೆದ ಮಾತು ಅಕ್ಷರಶಃ ನಿಜ ಇರಬೇಕು ಅನ್ನುವುದು ಆ ಪಂಥದ ತಿರುಳು. ಲಂಡನ್ನಿನ ಕಾಕ್ನಿ ಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುತ್ತದೆ. ಅದನ್ನು ಬಳಸಬೇಕಾದರೆ ಸುಳಿವಿನಲ್ಲಿ ಕಾಕ್ನಿ ಅಂತಲೋ ಲಂಡನ್ನಿನ ಈಸ್ಟ್ ಎಂಡ್ ಅಂತಲೋ ಎಲ್ಲಾದರೂ ಹೇಳಿರುತ್ತಾರೆ. ಸ್ಕಾಟ್ಲೆಂಡಿನ ಪದ ಬಂದರೆ ಅಲ್ಲಿಯ ಒಂದು ಊರನ್ನು ತಂದಿರುತ್ತಾರೆ.

ಹಕಾರ ಬೀಳುವುದು ನಮ್ಮಲ್ಲೂ ಇದೆ, ಮೈಸೂರು ಸೀಮೆಯ ಹಳ್ಳಿಗಳಲ್ಲಿ. ಹಾಲು ಆಲಾಗುತ್ತದೆ, ಹಾಸನ ಆಸನವಾಗುತ್ತದೆ. “ಮಂಡ್ಯದ ಹಳ್ಳಿಯವರ ಹಾಸನದಲ್ಲಿ ಕೂರಿ (3)” ಅಂತ ಬೀಗರೇ ಅಲ್ಲೇ ಕೂತು ಒಂದು ಸುಳಿವು ಕಟ್ಟಿದರು. ಮಾಸ್ತರರು ಚಪ್ಪಾಳೆ ಹೊಡೆದರು. ‘ಕೂರಿ’ ಅನ್ನುವ ಕ್ರಿಯಾಪದ ‘ಆಸನ’ ಅನ್ನುವ ನಾಮಪದದ ಅರ್ಥ ಕೊಡುವುದಿಲ್ಲ ಅಂತ ನನಗೆ ಅನ್ನಿಸಿತು. “ಮಂಡ್ಯದ ಹಳ್ಳಿಯವರ ಹಾಸನ ಕೂರುವ ಜಾಗ (3)” ಅಂದರೆ ಸರಿಹೋಗುತ್ತದೆ.

ಹಾಗಂತ ಎಕಾರ ಕಂಡಲ್ಲೆಲ್ಲ ಇಕಾರ ಹಾಕಿ, ಜೊತೆಗೆ ಒಂದು ಊರಿನ ಹೆಸರು ಸೇರಿಸಿದರೆ ಆಗುವುದಿಲ್ಲ. ಹಾಳೆ ನೋಡುತ್ತಿದ್ದ ಒಬ್ಬ ಹುಡುಗ “ಬಸ್ಸಿನಿಂದ ಕೆಳಗೆ ಬಾ, ಬೆಳಗಾವಿಯ ಭೂಮಿಗೆ (2)” ಅಂತ ಬರೆದು ತಂದ. ಉತ್ತರ ಇಳಿ, ಇಳೆಯ ಇಕಾರ ರೂಪ ಅಂದ. ಬೆಳಗಾವಿಯಲ್ಲಿ ಯಾರು ಭೂಮಿಗೆ ಇಳಿ ಅನ್ನುತ್ತಾರೆ? ಇಳೆ ಪದ್ಯದ ಮಾತು. ದಿನಬಳಕೆಯಲ್ಲಿ ಅದು ಇಲ್ಲವೇ ಇಲ್ಲ, ಹಾಗಾಗಿ ಅದಕ್ಕೆ ಬೆಳಗಾವಿಯ ರೂಪವೂ ಇಲ್ಲ. ಸಂತೆಯಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಜನ ನಿಜವಾಗಿ ಆಡುವ ಪದವೇ ಆಗಿರಬೇಕು. ಈ ಒಂದು ವಿಷಯದಲ್ಲಿ ನಾನು ಸಡಿಲ ಬಿಡಲಾರೆ. ಊರಿನ ಹೆಸರನ್ನು ಸುಳಿವಿನಲ್ಲಿ ತಂದರೆ ಆ ಊರಿನವರು ಅದನ್ನು ಓದಿ ಹೌದು ಅನ್ನಬೇಕು.

ಈಗ ಬಲ್ಲವರಲ್ಲಿ ನನ್ನ ಪ್ರಶ್ನೆ. ಮುಂದಿನ ಹಾಳೆಗೆ ಮಾಸ್ತರರು ಇದನ್ನು ಬರೆದಿಟ್ಟಿದ್ದಾರೆ:

ಐದು ನದಿ, ರವಿಕೀರ್ತಿಯ ಶಾಸನ ಇರುವ ಊರು (3)

ಐನೂರು, ಐವರು ಅನ್ನುವಲ್ಲಿಯ ‘ಐ’, ಅದರ ಮುಂದೆ ಹೊಳೆ. ಮೇಗುತಿ ಗುಡಿಯಲ್ಲಿ 634ರ ಶಾಸನ ಇರುವ ಊರು. ಪುಸ್ತಕದವರಿಗೆ ಐಹೊಳೆ, ನಮ್ಮವರಿಗೆ ಐಹೊಳಿ. ತಾಳಿಕೋಟಿಯಲ್ಲಿ ‘ಕೋಟಿ’ ಅನ್ನುವ ಆಟವೇ ಕೊನೆಯ ಅಕ್ಷರವನ್ನು ತೀರ್ಮಾನಿಸಿತ್ತು. ಇಲ್ಲಿ ಹಾಗಲ್ಲ. ಊರು ಐಹೊಳಿ ಆದರೆ ನದಿಯೂ ಹೊಳಿ, ಊರು ಐಹೊಳೆ ಆದರೆ ನದಿಯೂ ಹೊಳೆ. ಎರಡೂ ದಾರಿ ಎರಡೂ ರೂಪಕ್ಕೆ ಹೋಗುತ್ತವೆ. ಕೊನೆಯ ಮನೆ ‘ಳೆ’ಯೋ ‘ಳಿ’ಯೋ ಅನ್ನುವುದನ್ನು ದಾಟುವ ಪದಕ್ಕೇ ಬಿಡಬಹುದೇ? ಅಥವಾ ಸುಳಿವಿನೊಳಗೇ ತೀರ್ಮಾನ ಆಗಬೇಕೇ? ಮಾಸ್ತರರು ದಾಟುವ ಪದ ಸಾಕು ಅನ್ನುತ್ತಾರೆ. ಬೀಗರು ಸುತರಾಂ ಒಪ್ಪುವುದಿಲ್ಲ. ನನಗೆ ಮಾಸ್ತರರ ಮಾತೇ ಸರಿ ಅನ್ನಿಸುತ್ತದೆ, ಆದರೆ ಆ ದಾಟುವ ಪದ ಮಾತ್ರ ಲೂಟಿಯ ಹಾಗೆ ಎಲ್ಲ ಸೀಮೆಯಲ್ಲೂ ಒಂದೇ ರೂಪದಲ್ಲಿರುವ ಪದ ಆಗಿರಬೇಕು. ನೀವು ಏನನ್ನುತ್ತೀರಿ? ಹಾಗೆಯೇ ನಿಮ್ಮ ಕಡೆ ಬಳಿ, ಕರಿಯ ಹಾಗೆ ಉಚ್ಚಾರ ಬದಲಾಗಿ ಎರಡು ಅರ್ಥ ಒಂದೇ ಪದಕ್ಕೆ ಬಂದು ಸೇರಿದ್ದರೆ ಬರೆಯಿರಿ. ಯಾವ ತಾಲೂಕಿನಲ್ಲಿ ಕೇಳಿದ್ದು ಅನ್ನುವುದನ್ನೂ ತಿಳಿಸಿ, ಸುಳಿವಿಗೆ ಊರಿನ ಹೆಸರು ಬೇಕಾಗುತ್ತದೆ.